ನೀಲಿ ಫಲಕದ ಕಥೆ: ವಿಕಲಚೇತನರ ವಾಹನ ನಿಲುಗಡೆಯ ಇತಿಹಾಸ

ಕಬ್ಬಿನ ಹಂಗಾಮಿನಲ್ಲಿ ನೀವು ಜಮಖಂಡಿಯಿಂದ ಮುಧೋಳಕ್ಕೆ ಪ್ರಯಾಣ ಮಾಡಿದ್ದೀರಾ? ಎರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ರಸ್ತೆಯ ಅಂಚಿನಲ್ಲಿ ಸಾಲಾಗಿ ನಿಂತಿರುತ್ತವೆ. ಊರೊಳಗೆ ಬಂದರೆ ಅಂಗಡಿಗಳ ಮುಂದೆ ಬೈಕುಗಳು ಒಂದಕ್ಕೊಂದು ತಾಗಿಕೊಂಡು ನಿಂತಿರುತ್ತವೆ. ಇವುಗಳ ನಡುವೆ ಒಂದು ಸ್ಕೂಟರನ್ನು ನೀವು ಗಮನಿಸಿರಬಹುದು. ಅದರ ಹಿಂದಿನ ಚಕ್ರದ ಎರಡೂ ಬದಿಗೆ ಒಂದೊಂದು ಹೆಚ್ಚುವರಿ ಚಕ್ರ. ಆಸನದ ಪಕ್ಕದಲ್ಲಿ ಕಟ್ಟಿದ ಊರುಗೋಲು. ಬೀಳಗಿ, ರಬಕವಿ-ಬನಹಟ್ಟಿಗಳಲ್ಲಿಯೂ ಇಂಥ ವಾಹನಗಳು ಕಾಣಸಿಗುತ್ತವೆ. ಅದರ ಸವಾರನಿಗೆ ವಾಹನ ಓಡಿಸುವುದು ಕಷ್ಟವಲ್ಲ, ನಿಲ್ಲಿಸುವುದು ಕಷ್ಟ. ನಿಲ್ಲಿಸಿದ ಮೇಲೆ ಹೊರಗೆ ತೆಗೆಯುವುದು ಇನ್ನೂ ಕಷ್ಟ.

ಏಕೆ? ನೀವಾದರೆ ಬೈಕಿನಿಂದ ಇಳಿದು, ಹ್ಯಾಂಡಲ್ ಹಿಡಿದು ಹಿಂದಕ್ಕೆ ಎಳೆಯುತ್ತೀರಿ. ಕಾಲಿನಲ್ಲಿ ಬಲವಿಲ್ಲದವರು ಹಾಗೆ ಎಳೆಯಲಾರರು. ಹಿಂದೆ ಒಂದು ಬೈಕು ಅಡ್ಡ ನಿಂತರೆ ಅವರು ಅಲ್ಲಿಯೇ ಸಿಕ್ಕಿಕೊಂಡಂತೆ. ಆ ಬೈಕಿನ ಒಡೆಯ ಬರುವವರೆಗೆ ಕಾಯಬೇಕು, ಇಲ್ಲವೆ ದಾರಿಹೋಕರನ್ನು ಬೇಡಿಕೊಳ್ಳಬೇಕು.

ಈ ಸಣ್ಣ ತೊಂದರೆಯ ಹಿಂದೆ ದೊಡ್ಡದೊಂದು ಇತಿಹಾಸವಿದೆ. ವಿಕಲಚೇತನರಿಗೆ ವಾಹನ ನಿಲ್ಲಿಸಲು ಬೇರೆ ಜಾಗ ಬೇಕು ಎಂದು ಜಗತ್ತು ಒಪ್ಪಿಕೊಂಡದ್ದು ಹೇಗೆ? ಆ ಜಾಗವನ್ನು ಅರ್ಹರಲ್ಲದವರು ಕಬಳಿಸಿದ್ದು ಹೇಗೆ? ಬನ್ನಿ, ನೋಡೋಣ.

ಚಿಹ್ನೆಯ ಹುಟ್ಟು

ನೀಲಿ ಹಿನ್ನೆಲೆಯಲ್ಲಿ ಬಿಳಿಯ ಗಾಲಿಕುರ್ಚಿ. ಆಸ್ಪತ್ರೆ, ರೈಲು ನಿಲ್ದಾಣಗಳಲ್ಲಿ ಈ ಚಿತ್ರವನ್ನು ನೀವು ನೋಡಿದ್ದೀರಿ. ಇದರ ಮೂಲ ರೇಖಾಚಿತ್ರವನ್ನು 1968ರಲ್ಲಿ ರಚಿಸಿದವರು ಸುಸಾನ್ ಕೋಫೋಡ್ ಎಂಬ ಡೆನ್ಮಾರ್ಕಿನ ವಿನ್ಯಾಸ ವಿದ್ಯಾರ್ಥಿನಿ. ಅವರ ಚಿತ್ರದಲ್ಲಿ ಕುರ್ಚಿ ಮಾತ್ರ ಇತ್ತು, ಮನುಷ್ಯ ಇರಲಿಲ್ಲ! ಸ್ವೀಡನ್ನಿನ ಕಾರ್ಲ್ ಮೊಂಟಾನ್ ಅದರ ಮೇಲೆ ಒಂದು ವೃತ್ತವನ್ನು ಸೇರಿಸಿದರು. ಅದು ತಲೆಯಾಯಿತು; ಕುರ್ಚಿಯಲ್ಲಿ ವ್ಯಕ್ತಿಯೊಬ್ಬರು ಕುಳಿತಂತಾಯಿತು. 1969ರಲ್ಲಿ ‘ರಿಹ್ಯಾಬಿಲಿಟೇಷನ್ ಇಂಟರ್‌ನ್ಯಾಷನಲ್’ ಸಂಸ್ಥೆ ಇದನ್ನು ಅಂತರರಾಷ್ಟ್ರೀಯ ಚಿಹ್ನೆಯಾಗಿ ಸ್ವೀಕರಿಸಿತು.

ಒಂದು ಮಾತು ನೆನಪಿಡಿ. ಈ ಚಿಹ್ನೆ ‘ಇಲ್ಲಿ ಅಡೆತಡೆಯಿಲ್ಲದೆ ಬರಬಹುದು’ ಎಂದು ಹೇಳುತ್ತದೆಯೇ ಹೊರತು ‘ಈ ವಾಹನದಲ್ಲಿರುವವರು ಅರ್ಹರು’ ಎಂದು ಪ್ರಮಾಣೀಕರಿಸುವುದಿಲ್ಲ. ಅಂಗಡಿಯಲ್ಲಿ ಸಿಗುವ ಅಂಟುಚೀಟಿಯನ್ನು ಯಾರು ಬೇಕಾದರೂ ಕಾರಿನ ಗಾಜಿಗೆ ಹಚ್ಚಿಕೊಳ್ಳಬಹುದು. ಚಿಹ್ನೆ ಬೇರೆ, ಪರವಾನಗಿ ಬೇರೆ.

ಕಿತ್ತಳೆ ಚೀಟಿಯಿಂದ ನೀಲಿ ಚೀಟಿಗೆ

ಪರವಾನಗಿಯ ಕಥೆ ಬ್ರಿಟನ್ನಿನದು. ಎರಡನೆಯ ಮಹಾಯುದ್ಧದ ನಂತರ ಅಲ್ಲಿನ ಸರ್ಕಾರ ನಡೆಯಲಾಗದವರಿಗೆ ಒಬ್ಬರೇ ಕೂರಬಹುದಾದ ‘ಇನ್ವಾಕಾರ್’ ಎಂಬ ಮೂರು ಚಕ್ರದ ತಿಳಿನೀಲಿ ವಾಹನಗಳನ್ನು ಒದಗಿಸಿತು. ನಮ್ಮ ಊರುಗಳ ಹೆಚ್ಚುವರಿ ಚಕ್ರದ ಸ್ಕೂಟರಿಗೆ ಅದು ದೂರದ ಸಂಬಂಧಿ ಎನ್ನಬಹುದು. ಸುರಕ್ಷತೆಯ ಕಾರಣದಿಂದ 2003ರಲ್ಲಿ ಅವನ್ನು ರಸ್ತೆಯಿಂದ ಹಿಂತೆಗೆಯಲಾಯಿತು.

ವಾಹನವೇನೋ ಬಂತು, ಆದರೆ ಅದನ್ನು ನಿಲ್ಲಿಸುವುದೆಲ್ಲಿ? ನಗರಗಳಲ್ಲಿ ಕಾರುಗಳು ಹೆಚ್ಚಿದಂತೆ ನಿಲುಗಡೆಯ ನಿರ್ಬಂಧಗಳೂ ಹೆಚ್ಚಿದವು. ಆಗ ಆಲ್ಫ್ ಮಾರಿಸ್ ಎಂಬ ಸಂಸದರು ಖಾಸಗಿ ಮಸೂದೆಯೊಂದನ್ನು ಮಂಡಿಸಿದರು. ಮೊದಲ ಮಹಾಯುದ್ಧದಲ್ಲಿ ಗಾಯಗೊಂಡ ಸೈನಿಕನ ಮಗ ಅವರು. ಮಸೂದೆ 1970ರಲ್ಲಿ ಕಾಯಿದೆಯಾಯಿತು. ಅದರಂತೆ 1971ರ ಡಿಸೆಂಬರಿನಲ್ಲಿ ‘ಕಿತ್ತಳೆ ಬಿಲ್ಲೆ’ ಜಾರಿಗೆ ಬಂತು. ನಡೆಯಲು ಬಹಳ ಕಷ್ಟಪಡುವವರು ಇದನ್ನು ವಾಹನದಲ್ಲಿ ಕಾಣುವಂತೆ ಇಟ್ಟು, ಇತರರಿಗೆ ಅವಕಾಶವಿಲ್ಲದ ಹತ್ತಿರದ ಜಾಗಗಳಲ್ಲಿ ನಿಲ್ಲಿಸಬಹುದಿತ್ತು. ಯುರೋಪಿನಾದ್ಯಂತ ಒಂದೇ ಮಾದರಿ ಇರಲೆಂದು 1998ರಲ್ಲಿ ಯುರೋಪಿಯನ್ ಒಕ್ಕೂಟ ಶಿಫಾರಸು ಮಾಡಿತು. 2000ದಲ್ಲಿ ಬ್ರಿಟನ್ನಿನ ಕಿತ್ತಳೆ ಬಿಲ್ಲೆ ನೀಲಿಯಾಯಿತು.

ಈ ಬಿಲ್ಲೆಯ ಮುಖ್ಯ ತತ್ತ್ವವೆಂದರೆ ಅದನ್ನು ಕೊಡುವುದು ವ್ಯಕ್ತಿಗೆ, ವಾಹನಕ್ಕಲ್ಲ. ವ್ಯಕ್ತಿ ಯಾವ ಕಾರಿನಲ್ಲಿ ಹೋದರೂ ಬಿಲ್ಲೆ ಅವರ ಜೊತೆ ಹೋಗುತ್ತದೆ. ವ್ಯವಸ್ಥೆಯ ಬಲ ಇರುವುದು ಇದರಲ್ಲಿಯೇ. ದೌರ್ಬಲ್ಯ ಇರುವುದೂ ಇದರಲ್ಲಿಯೇ!

ದುರ್ಬಳಕೆಯ ಬಗೆಗಳು

ಅಜ್ಜಿಯ ಬಿಲ್ಲೆ ಕಾರಿನಲ್ಲಿದೆ, ಅಜ್ಜಿ ಮನೆಯಲ್ಲಿದ್ದಾರೆ, ಮೊಮ್ಮಗ ಮಾರುಕಟ್ಟೆಯ ಬಾಗಿಲಲ್ಲಿ ಕಾರು ನಿಲ್ಲಿಸಿದ್ದಾನೆ. ಇದು ದುರ್ಬಳಕೆಯ ಮೊದಲ ಬಗೆ. ತೀರಿಕೊಂಡವರ ಬಿಲ್ಲೆಯನ್ನು ಹಿಂದಿರುಗಿಸದೆ ಬಳಸುವುದು ಎರಡನೆಯದು. ಬಿಲ್ಲೆಯನ್ನು ಕದಿಯುವುದು ಅಥವಾ ನಕಲು ಮಾಡುವುದು ಮೂರನೆಯದು. ಇವನ್ನು ತಡೆಯಲು 2012ರಿಂದ ಬ್ರಿಟನ್ನಿನ ಬಿಲ್ಲೆಗೆ ಹಾಲೊಗ್ರಾಮಿನಂಥ ಸುರಕ್ಷಾ ಗುರುತುಗಳನ್ನು ಸೇರಿಸಿದರು. 2013ರ ಕಾಯಿದೆ ಅಕ್ರಮ ಬಿಲ್ಲೆಗಳನ್ನು ಸ್ಥಳದಲ್ಲಿಯೇ ವಶಪಡಿಸಿಕೊಳ್ಳುವ ಅಧಿಕಾರವನ್ನು ಗಟ್ಟಿಮಾಡಿತು.

ನಾಲ್ಕನೆಯದು ಸುಳ್ಳು ಹೇಳಿಯೇ ಬಿಲ್ಲೆ ಪಡೆಯುವುದು. 1999ರಲ್ಲಿ ಅಮೆರಿಕದ ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಫುಟ್‌ಬಾಲ್ ಆಟಗಾರರು ಅಕ್ರಮವಾಗಿ ವಿಕಲಚೇತನರ ನಿಲುಗಡೆ ಚೀಟಿ ಪಡೆದ ಪ್ರಕರಣ ಬಯಲಾಯಿತು. ಮೈದಾನದಲ್ಲಿ ಓಡುವವರಿಗೆ ಕಾರಿನಿಂದ ತರಗತಿಗೆ ನಡೆಯಲು ಆಗುತ್ತಿರಲಿಲ್ಲವಂತೆ!

ಜನ ಹೀಗೇಕೆ ಮಾಡುತ್ತಾರೆ? ಅದೇ ವಿಶ್ವವಿದ್ಯಾಲಯದ ನಿಲುಗಡೆ ತಜ್ಞ ಡೊನಾಲ್ಡ್ ಶೂಪ್ ಇದಕ್ಕೆ ಆರ್ಥಿಕ ಕಾರಣವನ್ನು ತೋರಿಸಿದರು. ಅಲ್ಲಿನ ಅನೇಕ ನಗರಗಳಲ್ಲಿ ಚೀಟಿ ಇದ್ದವರಿಗೆ ಹತ್ತಿರದ ಜಾಗವಷ್ಟೇ ಅಲ್ಲ, ಶುಲ್ಕ ವಿನಾಯಿತಿಯೂ ಸಿಗುತ್ತಿತ್ತು. ಹೀಗಾಗಿ ಚೀಟಿಗೆ ಹಣದ ಬೆಲೆ ಬಂತು. ಮಿಷಿಗನ್ ರಾಜ್ಯ 1995ರಲ್ಲಿ ಇವೆರಡನ್ನೂ ಬೇರ್ಪಡಿಸಿತು. ನಡೆಯಲು ಕಷ್ಟಪಡುವ ಎಲ್ಲರಿಗೂ ಜಾಗ. ಆದರೆ ಮೀಟರಿಗೆ ನಾಣ್ಯ ಹಾಕಲು ದೈಹಿಕವಾಗಿ ಆಗದವರಿಗೆ ಮಾತ್ರ ಶುಲ್ಕ ವಿನಾಯಿತಿ. ವಿನಾಯಿತಿ ಕೋರುವವರ ಸಂಖ್ಯೆ ತೀವ್ರವಾಗಿ ಇಳಿಯಿತು. ಅಗತ್ಯಕ್ಕೆ ನೇರವಾಗಿ ಹೊಂದುವ ಸೌಲಭ್ಯ ಕೊಟ್ಟರೆ ಮೋಸದ ಆಸೆ ತಾನಾಗಿ ಕಡಿಮೆಯಾಗುತ್ತದೆ. ಇದು ನಮಗೂ ಪಾಠ.

ನಮ್ಮ ದೇಶದ ಹಾದಿ

ಭಾರತದಲ್ಲಿ ಬ್ರಿಟನ್ನಿನಂಥ ಪ್ರತ್ಯೇಕ ರಾಷ್ಟ್ರೀಯ ನಿಲುಗಡೆ ಬಿಲ್ಲೆ ಬೆಳೆದು ಬರಲಿಲ್ಲ. ಇಲ್ಲಿ ಎಲ್ಲ ಸೌಲಭ್ಯಗಳಿಗೂ ಕೀಲಿಕೈ ಒಂದೇ: ಅಂಗವೈಕಲ್ಯದ ಪ್ರಮಾಣಪತ್ರ ಮತ್ತು ಅದರಲ್ಲಿರುವ ಶೇಕಡಾ ಸಂಖ್ಯೆ. ಕೇಂದ್ರ ಸರ್ಕಾರ 1986ರಲ್ಲಿ ವೈಕಲ್ಯಗಳ ವ್ಯಾಖ್ಯೆಯನ್ನು ಪ್ರಕಟಿಸಿತು. 1995ರ ಅಂಗವಿಕಲರ ಕಾಯಿದೆ ಏಳು ಬಗೆಯ ವೈಕಲ್ಯಗಳನ್ನು ಗುರುತಿಸಿ, ಶೇ. 40ನ್ನು ಗಡಿರೇಖೆಯಾಗಿ ಇಟ್ಟಿತು. 2016ರ ಕಾಯಿದೆ ಬಗೆಗಳನ್ನು 21ಕ್ಕೆ ಏರಿಸಿತು. ಗಡಿರೇಖೆ ಹಾಗೆಯೇ ಉಳಿಯಿತು.

ಈ ಶೇಕಡಾ ಸಂಖ್ಯೆಯನ್ನು ಲೆಕ್ಕ ಹಾಕುವುದು ಹೇಗೆ? ಒಬ್ಬರಿಗೆ ಎರಡು ತೊಂದರೆಗಳಿದ್ದರೆ ಅವನ್ನು ಸುಮ್ಮನೆ ಕೂಡಿಸುವಂತಿಲ್ಲ. 2001ರ ಮಾರ್ಗಸೂಚಿ ಇದಕ್ಕೊಂದು ಸೂತ್ರವನ್ನು ಕೊಟ್ಟಿತು. ದೊಡ್ಡ ಸಂಖ್ಯೆ ‘ಕ’, ಚಿಕ್ಕದು ‘ಖ’ ಎಂದಿಟ್ಟುಕೊಳ್ಳಿ.

ಒಟ್ಟು ವೈಕಲ್ಯ = ಕ + ಖ × (90 − ಕ) ÷ 90

ಒಂದು ತೊಂದರೆ ಶೇ. 30, ಇನ್ನೊಂದು ಶೇ. 18 ಇದ್ದರೆ? 30 + 18 × 60 ÷ 90 = 42. ಗಡಿ ದಾಟಿತು. ಎರಡನೆಯದು ಶೇ. 12 ಮಾತ್ರ ಇದ್ದರೆ? 30 + 12 × 60 ÷ 90 = 38. ಸುಮ್ಮನೆ ಕೂಡಿದ್ದರೆ 42 ಆಗುತ್ತಿತ್ತು. ಸೂತ್ರದ ಪ್ರಕಾರ ಗಡಿಯ ಹೊರಗೆ. ಎರಡನೆಯ ತೊಂದರೆ ಉಳಿದಿರುವ ಸಾಮರ್ಥ್ಯದ ಮೇಲೆ ಮಾತ್ರ ಪರಿಣಾಮ ಬೀರುತ್ತದೆ ಎಂಬುದು ಇದರ ತರ್ಕ. ಎಷ್ಟು ತೊಂದರೆಗಳು ಸೇರಿದರೂ ಮೊತ್ತ 90ನ್ನು ಮೀರುವುದಿಲ್ಲ. ಬೇಕಾದರೆ ತರಗತಿಯಲ್ಲಿ ಪರೀಕ್ಷಿಸಿ ನೋಡಿ.

ಲೆಕ್ಕ ಸರಿ. ಆದರೆ ಇಲ್ಲೊಂದು ಪ್ರಶ್ನೆಯಿದೆ. ಕೈ ಕಳೆದುಕೊಂಡವರ ಶೇಕಡಾ ದೊಡ್ಡದಿರಬಹುದು. ಅವರು ಅರ್ಧ ಕಿಲೋಮೀಟರ್ ಸಲೀಸಾಗಿ ನಡೆದಾರು. ಹೃದಯದ ಅಥವಾ ಶ್ವಾಸಕೋಶದ ಕಾಯಿಲೆಯಿಂದ ನೂರು ಮೀಟರ್ ನಡೆದರೆ ಏದುಸಿರು ಬಿಡುವವರ ಹತ್ತಿರ ಯಾವ ಪ್ರಮಾಣಪತ್ರವೂ ಇಲ್ಲದಿರಬಹುದು. ನಮ್ಮ ಶೇಕಡಾ ಸಂಖ್ಯೆ ದೇಹದ ನಷ್ಟವನ್ನು ಅಳೆಯುತ್ತದೆ. ಹತ್ತಿರದ ನಿಲುಗಡೆಗೆ ಬೇಕಾದದ್ದು ನಡಿಗೆಯ ಅಳತೆ. ಉಷ್ಣಾಂಶವನ್ನು ತಕ್ಕಡಿಯಲ್ಲಿ ತೂಗಲಾದೀತೆ?

ಕಾಗದದ ಕಾವಲು

ಮೋಸ ತಡೆಯಲು ನಮ್ಮ ಕಾಯಿದೆಗಳಲ್ಲೂ ಅವಕಾಶವಿದೆ. ವಿಕಲಚೇತನರ ಸೌಲಭ್ಯವನ್ನು ವಂಚನೆಯಿಂದ ಪಡೆದರೆ 1995ರ ಕಾಯಿದೆಯಲ್ಲಿ ಎರಡು ವರ್ಷದವರೆಗೆ ಸೆರೆವಾಸ, 20,000 ರೂಪಾಯಿವರೆಗೆ ದಂಡ ಅಥವಾ ಎರಡೂ ಇದ್ದವು. 2016ರ ಕಾಯಿದೆಯ 91ನೆಯ ಕಲಮು ದಂಡವನ್ನು ಒಂದು ಲಕ್ಷ ರೂಪಾಯಿವರೆಗೆ ಏರಿಸಿತು. 2021ರ ಜೂನ್ 1ರಿಂದ ಪ್ರಮಾಣಪತ್ರಗಳನ್ನು ‘ಯುಡಿಐಡಿ’ ಜಾಲತಾಣದ ಮೂಲಕವೇ ಕೊಡಬೇಕೆಂಬ ನಿಯಮ ಬಂತು. 2024ರ ತಿದ್ದುಪಡಿ ನಿಯಮಗಳು ಈ ಚೀಟಿಗೆ ಮೂರು ಬಣ್ಣಗಳನ್ನು ಗೊತ್ತುಮಾಡಿದವು. ಶೇ. 40ಕ್ಕಿಂತ ಕಡಿಮೆಯಾದರೆ ಬಿಳಿ, 40ರಿಂದ 80ರೊಳಗೆ ಹಳದಿ, 80 ಮತ್ತು ಮೇಲ್ಪಟ್ಟರೆ ನೀಲಿ.

ಆದರೆ ಕಾವಲು ಬಿಗಿಯಾದಷ್ಟೂ ಅದರ ಭಾರ ಪ್ರಾಮಾಣಿಕರ ಮೇಲೂ ಬೀಳುತ್ತದೆ. ಬೀಳಗಿ ತಾಲ್ಲೂಕಿನ ಹಳ್ಳಿಯಿಂದ ಊರುಗೋಲಿನಲ್ಲಿ ಬರುವವರಿಗೆ ತಪಾಸಣೆಗೆ ಇನ್ನೊಂದು ಸಲ ಬರುವುದೆಂದರೆ ಒಂದು ದಿನದ ಕೂಲಿ ಮತ್ತು ಜೊತೆಗೆ ಬರುವವರ ಒಂದು ದಿನದ ಕೂಲಿ. ಒಬ್ಬ ಮೋಸಗಾರ ಕದಿಯುವುದು ಒಂದು ಜಾಗವನ್ನಷ್ಟೇ ಅಲ್ಲ, ನೂರು ಜನ ಅರ್ಹರ ಮೇಲಿನ ನಂಬಿಕೆಯನ್ನೂ ಕದಿಯುತ್ತಾನೆ.

ಇನ್ನೊಂದು ಅಪಾಯವೂ ಇದೆ. ‘ನೋಡಲು ಚೆನ್ನಾಗಿಯೇ ಇದ್ದಾನಲ್ಲ!’ ಎಂದು ನಾವು ಬೇಗ ತೀರ್ಪು ಕೊಟ್ಟುಬಿಡುತ್ತೇವೆ. ಎಲ್ಲ ವೈಕಲ್ಯಗಳೂ ಕಣ್ಣಿಗೆ ಕಾಣುವುದಿಲ್ಲ. 2016ರ ಕಾಯಿದೆಯ ಪಟ್ಟಿಯಲ್ಲಿ ಕುಡುಗೋಲು ಕಣ ರೋಗ, ಥಲಸೀಮಿಯಾ, ಮಲ್ಟಿಪಲ್ ಸ್ಕ್ಲೆರೋಸಿಸ್ ಇವೆ. ಇಂಗ್ಲೆಂಡ್ 2019ರ ಆಗಸ್ಟಿನಲ್ಲಿ ಕಣ್ಣಿಗೆ ಕಾಣದ ವೈಕಲ್ಯ ಇರುವವರಿಗೂ ನೀಲಿ ಬಿಲ್ಲೆಯನ್ನು ವಿಸ್ತರಿಸಿತು. ಗಾಲಿಕುರ್ಚಿಯ ಚಿತ್ರ ಒಂದು ಸಂಕೇತ ಮಾತ್ರ. ಅದರಲ್ಲಿ ಕೂರದವರೆಲ್ಲ ಸುಳ್ಳುಗಾರರಲ್ಲ.

ನಾಲ್ಕು ಊರುಗಳ ಲೆಕ್ಕ

2011ರ ಜನಗಣತಿಯಂತೆ ದೇಶದಲ್ಲಿ 2.68 ಕೋಟಿ, ಕರ್ನಾಟಕದಲ್ಲಿ ಸುಮಾರು 13.24 ಲಕ್ಷ ವಿಕಲಚೇತನರಿದ್ದರು. ಇವರಲ್ಲಿ ಕಾರು ಇರುವವರು ಕಡಿಮೆ. ಬಾಗಲಕೋಟೆ ಜಿಲ್ಲೆಯ ಈ ಊರುಗಳಲ್ಲಿ ಬಹುಮಂದಿಗೆ ಬಸ್ಸೇ ಗತಿ. ರಾಜ್ಯದ ರಿಯಾಯಿತಿ ಬಸ್ ಪಾಸು ವಾಸಸ್ಥಳದಿಂದ 100 ಕಿ.ಮೀ. ಮಿತಿಗೆ ಒಳಪಟ್ಟದ್ದು. ಜಮಖಂಡಿಯವರಿಗೆ ವಿಜಯಪುರ, ಬಾಗಲಕೋಟೆ ಅದರೊಳಗೆ ಬರುತ್ತವೆ. ದೊಡ್ಡ ಆಸ್ಪತ್ರೆಗಳಿರುವ ಬೆಳಗಾವಿ, ಹುಬ್ಬಳ್ಳಿ ಅದರಾಚೆ ಉಳಿಯುತ್ತವೆ. 2023ರ ಜೂನ್ 11ರಂದು ಆರಂಭವಾದ ‘ಶಕ್ತಿ’ ಯೋಜನೆ ಮಹಿಳೆಯರಿಗೆ ಈ ಮಿತಿಯನ್ನು ದಾಟುವ ದಾರಿ ಮಾಡಿತು.

ಸರ್ಕಾರ ತೀವ್ರ ದೈಹಿಕ ವೈಕಲ್ಯ ಇರುವವರಿಗೆ ಯಂತ್ರಚಾಲಿತ ವಾಹನಗಳನ್ನೂ ಕೊಡುತ್ತ ಬಂದಿದೆ. ಇವುಗಳನ್ನು ಓಡಿಸುವವರಲ್ಲಿ ಪೋಲಿಯೋ ಪೀಡಿತರೂ ಇದ್ದಾರೆ. ಪೋಲಿಯೋ ವೈರಸ್ಸು ಬೆನ್ನುಹುರಿಯಲ್ಲಿ ಸ್ನಾಯುಗಳಿಗೆ ಆಜ್ಞೆ ಕಳಿಸುವ ನರಕೋಶಗಳನ್ನು ಕೊಲ್ಲುತ್ತದೆ, ಸ್ನಾಯು ಸೊರಗುತ್ತದೆ. ಭಾರತದ ಕೊನೆಯ ವನ್ಯ ಪೋಲಿಯೋ ಪ್ರಕರಣ ಕಂಡದ್ದು 2011ರ ಜನವರಿಯಲ್ಲಿ. ರೋಗ ಹೋಯಿತು; ಆ ತಲೆಮಾರು ನಮ್ಮ ನಡುವೆಯೇ ಇದೆ, ಈಗ ವಯಸ್ಸೂ ಆಗುತ್ತಿದೆ.

ಈಗ ಮೊದಲಿನ ಸ್ಕೂಟರಿಗೆ ಮರಳೋಣ. ನಮ್ಮ ಕಟ್ಟಡ ಮಾರ್ಗಸೂಚಿಗಳು ವಿಕಲಚೇತನರ ಕಾರು ನಿಲುಗಡೆ 3.6 ಮೀಟರ್ ಅಗಲ ಇರಬೇಕು, ಕಟ್ಟಡದ ಬಾಗಿಲಿನಿಂದ 30 ಮೀಟರಿನೊಳಗೆ ಇರಬೇಕು ಎನ್ನುತ್ತವೆ. ಕಾರಿಗೆ 2.4 ಮೀಟರ್, ಬಾಗಿಲನ್ನು ಪೂರ್ತಿ ತೆರೆದು ಗಾಲಿಕುರ್ಚಿಗೆ ಬದಲಾಗಲು 1.2 ಮೀಟರ್. ಇದು ಕಾರಿನ ಲೆಕ್ಕ. ನಾಲ್ಕು ಚಕ್ರದ ಸ್ಕೂಟರಿಗೆ ಬೇಕಾದದ್ದು ಬೇರೆ: ಪಕ್ಕದಲ್ಲಿ ಊರುಗೋಲು ಊರಲು ಜಾಗ, ಹಿಂದಕ್ಕೆ ಎಳೆಯದೆ ಮುಂದಕ್ಕೇ ಸಾಗಿ ಹೊರಬೀಳುವ ದಾರಿ. ಬಣ್ಣದ ಎರಡು ಗೆರೆ ಎಳೆದರೆ ಸಾಕು, ಹೆಚ್ಚಿನ ಖರ್ಚಿಲ್ಲ. ಪರವಾನಗಿಯ ದುರ್ಬಳಕೆಗಿಂತ ಜಾಗದ ದುರ್ಬಳಕೆಯೇ ಈ ಊರುಗಳಿಗೆ ಹೆಚ್ಚು ಹತ್ತಿರದ ಸಮಸ್ಯೆ. ಬೈಕನ್ನು ‘ಎರಡೇ ನಿಮಿಷ’ ಎಂದು ಅಡ್ಡ ನಿಲ್ಲಿಸುವ ನಾವೆಲ್ಲ ಅದರಲ್ಲಿ ಪಾಲುದಾರರು.

ನೀವೇ ಅಳೆಯಿರಿ

2024ರ ನವೆಂಬರ್ 8ರಂದು ಸರ್ವೋಚ್ಚ ನ್ಯಾಯಾಲಯ ರಾಜೀವ್ ರತೂರಿ ಪ್ರಕರಣದಲ್ಲಿ ಮಹತ್ವದ ತೀರ್ಪು ಕೊಟ್ಟಿತು. ಸುಗಮ ಪ್ರವೇಶದ ಮಾನದಂಡಗಳು ಬರಿಯ ಸಲಹೆಗಳಾಗಿ ಉಳಿಯಬಾರದು, ಕಡ್ಡಾಯ ನಿಯಮಗಳಿರಬೇಕು ಎಂದಿತು. ಆದರೆ ನಿಯಮ ನೆಲಕ್ಕಿಳಿದಿದೆಯೇ ಎಂದು ನೋಡಲು ಅಳತೆಪಟ್ಟಿ ಬೇಕು.

ಶಿಕ್ಷಕರೇ, ನಿಮ್ಮ ವಿದ್ಯಾರ್ಥಿಗಳಿಗೆ ಇದು ಒಳ್ಳೆಯ ಯೋಜನಾ ಕಾರ್ಯ. ಬಸ್ ನಿಲ್ದಾಣ, ಆಸ್ಪತ್ರೆ, ಬ್ಯಾಂಕು ಮತ್ತು ನಿಮ್ಮ ಶಾಲೆ, ಈ ನಾಲ್ಕು ಕಡೆ ಹೋಗಿ. ನಿಲುಗಡೆಯ ಅಗಲ ಎಷ್ಟು? ಬಾಗಿಲಿಗೆ ದೂರ ಎಷ್ಟು? ಇಳಿಜಾರು ದಾರಿಯ ಎತ್ತರಕ್ಕೂ ಉದ್ದಕ್ಕೂ ಇರುವ ಪ್ರಮಾಣ 1:12 ಇದೆಯೆ? ಕಾದಿಟ್ಟ ಜಾಗವಿದ್ದರೆ ಒಂದು ಗಂಟೆಯಲ್ಲಿ ಎಷ್ಟು ನಿಮಿಷ ಅದು ಖಾಲಿ ಇತ್ತು, ಎಷ್ಟು ನಿಮಿಷ ಬೇರೆ ವಸ್ತು ಅಥವಾ ವಾಹನ ಅದನ್ನು ಆಕ್ರಮಿಸಿತ್ತು? ಯಾರನ್ನೂ ತಡೆದು ಪ್ರಶ್ನಿಸಬೇಡಿ, ಯಾರ ಚಿತ್ರವನ್ನೂ ತೆಗೆಯಬೇಡಿ. ಜಾಗವನ್ನು ಮಾತ್ರ ಅಳೆಯಿರಿ. ಹೆಚ್ಚುವರಿ ಚಕ್ರದ ಸ್ಕೂಟರ್ ಓಡಿಸುವ ನಿಮ್ಮ ಊರಿನ ಒಬ್ಬ ಹಿರಿಯರನ್ನು ತರಗತಿಗೆ ಕರೆಯಿರಿ. ಎಷ್ಟು ಜಾಗ ಬೇಕು ಎಂಬುದನ್ನು ಅವರು ಯಾವ ಮಾರ್ಗಸೂಚಿಗಿಂತಲೂ ಚೆನ್ನಾಗಿ ಹೇಳಬಲ್ಲರು. ಲೆಕ್ಕವನ್ನು ಬರೆದು ಪುರಸಭೆ ಅಥವಾ ನಗರಸಭೆಗೆ ಕೊಡಿ.

ಕೋಫೋಡ್ ಚಿತ್ರ ಬರೆದಾಗ ಅವರೂ ವಿದ್ಯಾರ್ಥಿನಿಯೇ ಆಗಿದ್ದರು ಎಂಬುದನ್ನು ನಿಮ್ಮ ಮಕ್ಕಳಿಗೆ ಹೇಳಲು ಮರೆಯಬೇಡಿ.