ಏಳಲೊಲ್ಲದ ಲ್ಯಾಪ್‌ಟಾಪು: ದೋಷಪತ್ತೆಯ ಕಸುಬಿನ ನಾಲ್ಕು ದಶಕ

ಹಳೆಯ ಲ್ಯಾಪ್‌ಟಾಪನ್ನು ಮತ್ತೆ ಬಳಕೆಗೆ ತರಲು ಹೊರಟವರಿಗೆ ಎದುರಾಗುವ ಮೊದಲ ತೊಡಕೆಂದರೆ ಅದು ಚಾಲೂ ಆಗುವಷ್ಟರಲ್ಲೇ ನಿಂತುಬಿಡುವುದು. ಹೀಗೆ ನಿಲ್ಲುವುದರ ಕಾರಣ ಹುಡುಕುವ ಕಸುಬು ನಾಲ್ಕು ದಶಕಗಳಿಗೂ ಹಳೆಯದು. ಇಂದಿನ ರಿಪೇರಿಗಾರರು ಅನುಸರಿಸುವ ಕ್ರಮದ ಬಹುಭಾಗವು 1981ರ ಆಗಸ್ಟ್‌ನಲ್ಲಿ ಐಬಿಎಂ ಸಂಸ್ಥೆ ಹೊರತಂದ ಪರ್ಸನಲ್ ಕಂಪ್ಯೂಟರಿನ ರಚನೆಯಲ್ಲಿಯೇ ಬೇರೂರಿದೆ. ಆ ಯಂತ್ರದ ಮದರ್‌ಬೋರ್ಡಿನ ಮೇಲೆ, ವಿದ್ಯುತ್ ಹೋದರೂ ಅಳಿಯದ ಚಿಪ್ಪಿನಲ್ಲಿ, ಬಯೋಸ್ ಎಂಬ ಪುಟ್ಟ ತಂತ್ರಾಂಶವಿತ್ತು. ಯಂತ್ರಕ್ಕೂ ಕಾರ್ಯಾಚರಣ ವ್ಯವಸ್ಥೆಗೂ ನಡುವೆ ನಿಲ್ಲುವ ಇಂಥ ತಂತ್ರಾಂಶಕ್ಕೆ ಆ ಹೆಸರನ್ನು 1970ರ ದಶಕದಲ್ಲಿ ಗ್ಯಾರಿ ಕಿಲ್ಡಾಲ್ ತಮ್ಮ ಸಿಪಿ/ಎಂ ವ್ಯವಸ್ಥೆಯಲ್ಲಿ ಬಳಸಿದ್ದರು. ಸ್ವಿಚ್ ಹಾಕಿದೊಡನೆ ಬಯೋಸು ಪ್ರೊಸೆಸರು, ಮೆಮೊರಿ, ಕೀಲಿಮಣೆಗಳನ್ನು ಒಂದೊಂದಾಗಿ ಪರೀಕ್ಷಿಸಿ, ಎಲ್ಲವೂ ಸರಿಯಿದ್ದರೆ ಒಂದು ಗಿಡ್ಡ ಬೀಪ್ ಸದ್ದು ಮಾಡಿ, ಡಿಸ್ಕಿನ ಆರಂಭದಲ್ಲಿರುವ ಆದೇಶಗಳಿಗೆ ಯಂತ್ರದ ಹತೋಟಿಯನ್ನು ಒಪ್ಪಿಸುತ್ತಿತ್ತು. ಈ ಸ್ವಯಂಪರೀಕ್ಷೆಗೆ ಪೋಸ್ಟ್ ಎಂದು ಹೆಸರು.

ಪರದೆಯೇ ಕೆಟ್ಟಿದ್ದರೆ ಪರದೆಯ ಮೇಲೆ ದೋಷ ತಿಳಿಸಲಾಗದು ಎಂಬ ಸರಳ ಕಾರಣಕ್ಕಾಗಿ ಸದ್ದಿಗೆ ಈ ಕೆಲಸ ಒದಗಿತು. ಐಬಿಎಂ ಯಂತ್ರದಲ್ಲಿ ಒಂದು ಉದ್ದ ಹಾಗೂ ಎರಡು ಗಿಡ್ಡ ಬೀಪ್ ಕೇಳಿದರೆ ಪರದೆಯ ಕಾರ್ಡಿನಲ್ಲಿ ತೊಂದರೆಯೆಂದು ತಿಳಿಯಬೇಕಿತ್ತು. ಪರದೆ ಸರಿಯಿದ್ದಾಗ 201 ಎಂಬ ಅಂಕಿ ಮೆಮೊರಿಯನ್ನೂ 301 ಕೀಲಿಮಣೆಯನ್ನೂ 1701 ಹಾರ್ಡ್‌ಡಿಸ್ಕನ್ನೂ ಸೂಚಿಸುತ್ತಿತ್ತು. ಬಯೋಸಿನ ಇಡೀ ಪಠ್ಯವನ್ನು ಸಂಸ್ಥೆಯು ತನ್ನ ತಾಂತ್ರಿಕ ಕೈಪಿಡಿಯಲ್ಲಿ ಮುದ್ರಿಸಿದ್ದುದರಿಂದ, ಯಂತ್ರವು ಯಾವ ಹೆಜ್ಜೆಯಲ್ಲಿ ಏನು ಮಾಡುತ್ತದೆಂಬುದು ಗುಟ್ಟಾಗಿ ಉಳಿದಿರಲಿಲ್ಲ. ರಿಪೇರಿಯ ಚರಿತ್ರೆಯಲ್ಲಿ ಇಷ್ಟೊಂದು ಮುಕ್ತವಾಗಿದ್ದ ಕಾಲ ಮತ್ತೆ ಬರಲಿಲ್ಲವೆಂದೇ ಹೇಳಬೇಕು. ಮೂಲವನ್ನು ನಕಲು ಮಾಡದೆ ಅದೇ ಕೆಲಸದ ಬಯೋಸನ್ನು ಕಾಂಪ್ಯಾಕ್ ತನ್ನ ಯಂತ್ರಕ್ಕಾಗಿ ಸಿದ್ಧಪಡಿಸಿಕೊಂಡಿತು. 1984ರ ಹೊತ್ತಿಗೆ ಫೀನಿಕ್ಸ್ ಸಂಸ್ಥೆ ಅಂಥದನ್ನು ಇತರ ತಯಾರಕರಿಗೂ ಮಾರತೊಡಗಿತು. ಮುಂದೆ ಅವಾರ್ಡ್, ಎಎಂಐ ಮುಂತಾದ ಬಯೋಸುಗಳು ತಮ್ಮವೇ ಬೀಪ್ ಸಂಕೇತಗಳನ್ನು ಇಟ್ಟುಕೊಂಡಿದ್ದರಿಂದ, ಸದ್ದನ್ನು ಎಣಿಸುವ ಮೊದಲು ಒಳಗಿರುವ ಬಯೋಸು ಯಾರದೆಂದು ತಿಳಿಯುವುದೇ ರಿಪೇರಿಗಾರನ ಮೊದಲ ಕೆಲಸವಾಯಿತು.

1984ರಲ್ಲಿಯೇ ಬಂದ ಐಬಿಎಂ ಪಿಸಿ ಎಟಿ ಮಾದರಿಯು ಗಡಿಯಾರವನ್ನೂ ಯಂತ್ರದ ಹೊಂದಾಣಿಕೆಗಳನ್ನೂ ಸಣ್ಣ ಬ್ಯಾಟರಿಯ ಬಲದಿಂದ ನೆನಪಿಡುವ ಸಿಮಾಸ್ ಚಿಪ್ಪನ್ನು ಪರಿಚಯಿಸಿತು. ವರ್ಷಗಟ್ಟಲೆ ಅಟ್ಟದ ಮೇಲಿದ್ದ ಲ್ಯಾಪ್‌ಟಾಪು ಇಂದಿಗೂ ಎಡವುವ ಜಾಗ ಇದು. ನಾಣ್ಯದಾಕಾರದ, ಬಹುಪಾಲು ಸಿಆರ್2032 ಜಾತಿಯ, 3 ವೋಲ್ಟಿನ ಆ ಸೆಲ್ಲು ಸತ್ತಾಗ ದಿನಾಂಕ ಹಿಂದಕ್ಕೆ ಹೋಗುತ್ತದೆ, ಡಿಸ್ಕಿನ ಹೊಂದಾಣಿಕೆ ಅಳಿದು ಅಲ್ಲಿರುವ ವ್ಯವಸ್ಥೆ ಏಳದೆ ಹೋಗುತ್ತದೆ, ಎದ್ದರೂ ತಪ್ಪು ದಿನಾಂಕದ ದೆಸೆಯಿಂದ ಜಾಲತಾಣಗಳ ಭದ್ರತಾ ಪ್ರಮಾಣಪತ್ರಗಳು ತಿರಸ್ಕೃತವಾಗುತ್ತವೆ. ಇಷ್ಟು ಅಗ್ಗದ ಭಾಗವೊಂದರ ದೋಷವನ್ನು ಮದರ್‌ಬೋರ್ಡಿನ ಸಾವೆಂದು ಭಾವಿಸಿ ಯಂತ್ರವನ್ನೇ ಗುಜರಿಗೆ ಹಾಕುವುದು ನಿಜಕ್ಕೂ ವಿಷಾದದ ಸಂಗತಿ.

ಮೇಜಿನ ಮೇಲಿನ ಕಂಪ್ಯೂಟರುಗಳಲ್ಲಿ ಪೋಸ್ಟಿನ ಪ್ರತಿ ಹೆಜ್ಜೆಯ ಅಂಕಿಯನ್ನು ತೋರಿಸುವ ಕಾರ್ಡನ್ನು ಸ್ಲಾಟಿಗೆ ಸಿಕ್ಕಿಸಿ, ಯಂತ್ರ ಎಲ್ಲಿಯವರೆಗೆ ಬಂತೆಂದು ಓದಬಹುದಾಗಿತ್ತು. ಲ್ಯಾಪ್‌ಟಾಪಿನ ಇಕ್ಕಟ್ಟಿನಲ್ಲಿ ಈ ಅನುಕೂಲ ಬಹುಮಟ್ಟಿಗೆ ಇಲ್ಲವಾಗಿ, ಕೆಲವು ಮಾದರಿಗಳಲ್ಲಿ ಕೀಲಿಮಣೆಯ ದೀಪ ಮಿನುಗುವ ಎಣಿಕೆಯೇ ಅದರ ಸ್ಥಾನಕ್ಕೆ ಬಂತು. ಆದ್ದರಿಂದ ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಪೇಟೆಗಳ ರಿಪೇರಿಗಾರರಿಗೆ ಉಳಿದ ದಾರಿಯೆಂದರೆ, ಬ್ಯಾಟರಿ, ಡಿಸ್ಕು, ವೈಫೈ ಕಾರ್ಡುಗಳನ್ನು ಕಳಚಿ ಒಂದೇ ರ‍್ಯಾಮ್ ಪಟ್ಟಿಯೊಡನೆ ಯಂತ್ರವನ್ನು ಏಳಿಸಿ ನೋಡಿ, ಆಮೇಲೆ ಒಂದೊಂದನ್ನೇ ಮರಳಿ ಜೋಡಿಸುವುದು. ಆದರೆ ಕಳಚಲಾಗದ ಚಿಪ್ಪಿನಲ್ಲೇ ದೋಷವಿದ್ದರೆ ಈ ದಾರಿ ಸಾಲದು. ಲ್ಯಾಪ್‌ಟಾಪುಗಳ ಕೆಲವು ಗ್ರಾಫಿಕ್ಸ್ ಚಿಪ್ಪುಗಳು ಅವುಗಳ ಹೊದಿಕೆಯ ಸಾಮಗ್ರಿಯ ದೌರ್ಬಲ್ಯದಿಂದ ಹೆಚ್ಚಾಗಿ ಕೆಡುತ್ತಿವೆಯೆಂದು ಎನ್ವಿಡಿಯಾ 2008ರ ಜುಲೈನಲ್ಲಿ ಪ್ರಕಟಿಸಿ, ಅದರ ವೆಚ್ಚಕ್ಕಾಗಿ 15ರಿಂದ 20 ಕೋಟಿ ಡಾಲರ್ ತೆಗೆದಿರಿಸಬೇಕಾಯಿತು. ಅಂಥ ಚಿಪ್ಪಿಗೆ ಬಿಸಿಗಾಳಿ ಹಾಯಿಸಿ ಯಂತ್ರವನ್ನು ಏಳಿಸುವ ಉಪಾಯ ರಿಪೇರಿ ಅಂಗಡಿಗಳಲ್ಲಿ ಹಬ್ಬಿತಾದರೂ, ಅದು ತಾತ್ಕಾಲಿಕ ಶಮನವಷ್ಟೇ ಎಂದು ಗಿರಾಕಿಗೆ ಮೊದಲೇ ತಿಳಿಸುವುದು ಕಸುಬಿನ ಪ್ರಾಮಾಣಿಕತೆಗೆ ಸೇರಿದ್ದು.

ಪೋಸ್ಟ್ ಮುಗಿದ ನಂತರದ ಕುಸಿತಗಳಿಗೆ ಬೇರೆ ಸಾಧನಗಳು ಹುಟ್ಟಿದವು. ಅಗತ್ಯವಾದ ಕೆಲವೇ ಚಾಲಕ ತಂತ್ರಾಂಶಗಳೊಡನೆ ಯಂತ್ರವನ್ನು ಏಳಿಸುವ ಸೇಫ್ ಮೋಡ್ 1995ರಲ್ಲಿ ವಿಂಡೋಸ್ 95ರೊಂದಿಗೆ ಬಂತು. ಮೆಮೊರಿಯ ಪ್ರತಿ ಅಂಕಣಕ್ಕೆ ಬರೆದು ಮತ್ತೆ ಓದಿ ತಾಳೆ ನೋಡುವ ಮೆಮ್‌ಟೆಸ್ಟ್86 ಕೂಡ ಅದೇ ದಶಕದ್ದು. ಪ್ರತಿ ಸಲವೂ ಒಂದೇ ಹಂತದಲ್ಲಿ ಕುಸಿದರೆ ಚಾಲಕ ತಂತ್ರಾಂಶವನ್ನೂ, ಸಲಕ್ಕೊಂದು ಕಡೆ ಕುಸಿದರೆ ಮೆಮೊರಿ ಅಥವಾ ಬಿಸಿಯನ್ನೂ ಮೊದಲು ಶಂಕಿಸಬೇಕೆಂಬ ಅನುಭವದ ಸೂತ್ರ ಈ ಸಾಧನಗಳ ಬಳಕೆಯಿಂದ ಗಟ್ಟಿಗೊಂಡಿತು.

ಇವೆಲ್ಲಕ್ಕಿಂತ ಭಿನ್ನವಾದದ್ದು, ಯಾವ ಭಾಗವೂ ಕೆಡದೆ ಯಂತ್ರ ಏಳದಿರುವ ಸಂದರ್ಭ. 2003ರ ಮಾರ್ಚಿನಲ್ಲಿ ಬಂದ ಪೆಂಟಿಯಂ ಎಂ ಪ್ರೊಸೆಸರಿನ ಆರಂಭಿಕ ಮಾದರಿಗಳಿಗೆ ಪಿಎಇ, ಅಂದರೆ 32 ಬಿಟ್ ಪ್ರೊಸೆಸರು 4 ಜಿಬಿಗೂ ಮೀರಿದ ಮೆಮೊರಿಯನ್ನು ಮುಟ್ಟಲು ನೆರವಾಗುವ ಸೌಲಭ್ಯ, ಇದ್ದರೂ ಅವು ಅದನ್ನು ತಂತ್ರಾಂಶಕ್ಕೆ ಹೇಳಿಕೊಳ್ಳುತ್ತಿರಲಿಲ್ಲ. 2012ರ ಅಕ್ಟೋಬರಿನಲ್ಲಿ ಬಂದ ಉಬುಂಟು 12.10 ಎಂಬ ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯಲ್ಲಿ ಪಿಎಇ ಬೇಡದ ಕರ್ನಲ್, ಎಂದರೆ ವ್ಯವಸ್ಥೆಯ ತಿರುಳು, ಇರಲಿಲ್ಲವಾದ್ದರಿಂದ ಗಟ್ಟಿಮುಟ್ಟಾದ ಎಷ್ಟೋ ಲ್ಯಾಪ್‌ಟಾಪುಗಳು ಮೊದಲ ಸಾಲಿನಲ್ಲೇ ನಿಂತವು. 2014ರ ಉಬುಂಟು 14.04ರಲ್ಲಿ ಸೇರಿಸಿದ ‘ಫೋರ್ಸ್‌ಪಿಎಇ’ ಎಂಬ ಒಂದು ಆಯ್ಕೆಯನ್ನು ಬೂಟ್ ಸಾಲಿನಲ್ಲಿ ಬರೆದರೆ ಅದೇ ಯಂತ್ರಗಳು ಎದ್ದು ನಡೆಯುತ್ತಿದ್ದವು. ಇನ್ನೊಂದು ಲಿನಕ್ಸ್ ವ್ಯವಸ್ಥೆಯಾದ ಡೆಬಿಯನ್ನಿನ, 2025ರ ಆಗಸ್ಟಿನಲ್ಲಿ ಬಂದ 13ನೆಯ ಆವೃತ್ತಿ ಹಳೆಯ 32 ಬಿಟ್ ಪಿಸಿಗಳಿಗೆ ಕರ್ನಲನ್ನೂ ಸ್ಥಾಪನಾ ತಂತ್ರಾಂಶವನ್ನೂ ಒದಗಿಸುವುದನ್ನು ನಿಲ್ಲಿಸಿದ್ದರಿಂದ, ಆ ಪೀಳಿಗೆಯ ಲ್ಯಾಪ್‌ಟಾಪಿನಲ್ಲಿ ಡೆಬಿಯನ್ ಹಾಕಬಯಸುವವರು ಈಗ 12ನೆಯ ಆವೃತ್ತಿಗೋ ಅದಕ್ಕೂ ಹಿಂದಿನದಕ್ಕೋ ಹೋಗಬೇಕಾಗಿದೆ.