ಔಷಧಿ ಬಿಟ್ಟವರ ಸಾಕ್ಷ್ಯ: ಹಾವೇರಿ ಜಿಲ್ಲೆಯ ನಾಲ್ಕು ತಾಲ್ಲೂಕುಗಳ ನೆಲೆಯಿಂದ ಮನೋವೈದ್ಯಕೀಯ ಸೇವೆಯ ಗುಣಮಟ್ಟ

ಪ್ರಸ್ತಾವನೆ

ಹಳ್ಳಿಯ ರೋಗಿ ವೈದ್ಯರ ಮೇಲೆ ಲಿಖಿತ ದೂರು ಕೊಡುವವನಲ್ಲ. ಚಿಕಿತ್ಸೆ ಸರಿಬರದಿದ್ದರೆ ಮುಂದಿನ ತಿಂಗಳು ಆಸ್ಪತ್ರೆಗೆ ಬರುವುದನ್ನು ನಿಲ್ಲಿಸುತ್ತಾನೆ, ಅಷ್ಟೆ. ಆರೋಗ್ಯ ಇಲಾಖೆಯ ಭಾಷೆಯಲ್ಲಿ ಇಂಥವನಿಗೆ ‘ಡ್ರಾಪ್‌ಔಟ್’ ಎಂದು ಹೆಸರು. ಕಾರಣದ ಅಂಕಣದಲ್ಲಿ ಸಾಮಾನ್ಯವಾಗಿ ಕಾಣುವುದು ಅರಿವಿನ ಕೊರತೆ, ಮೂಢನಂಬಿಕೆ, ಕುಟುಂಬದ ನಿರ್ಲಕ್ಷ್ಯ ಎಂಬ ಮಾತುಗಳು. ಹೀಗೆ ನಡುವೆ ಔಷಧಿ ಬಿಡುವುದನ್ನು ರೋಗಿಯ ದೋಷವೆಂದು ಬರೆದಿಡುವ ಬದಲು ಸೇವೆಯ ಬಗ್ಗೆ ಆತ ನುಡಿದ ಸಾಕ್ಷ್ಯವೆಂದು ಓದಬೇಕು ಎಂಬುದು ಈ ಲೇಖನದ ವಾದ. ವಾದಕ್ಕೆ ನೆಲೆಯಾಗಿ ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಭಾಗವನ್ನು ಆರಿಸಿಕೊಂಡಿದೆ. ಆಧಾರವಾಗಿ ಮಾನಸಿಕ ಆರೋಗ್ಯದ ಕಾನೂನು, ರಾಷ್ಟ್ರೀಯ ಸಮೀಕ್ಷೆ ಮತ್ತು ಕರ್ನಾಟಕದಲ್ಲಿ ನಡೆದ ಸಮುದಾಯ ಅಧ್ಯಯನಗಳನ್ನು ಬಳಸಿಕೊಂಡಿದೆ.

ಧಾರವಾಡದ ಆಸ್ಪತ್ರೆಯಿಂದ ತಾಲ್ಲೂಕು ಆಸ್ಪತ್ರೆಯವರೆಗೆ

1997ರಲ್ಲಿ ಹಾವೇರಿ ಜಿಲ್ಲೆಯಾಗುವವರೆಗೆ ಈ ತಾಲ್ಲೂಕುಗಳೆಲ್ಲ ಧಾರವಾಡ ಜಿಲ್ಲೆಗೆ ಸೇರಿದ್ದವು. ಮನೋರೋಗವೆಂದರೆ ಧಾರವಾಡ ಎಂಬ ನಂಟು ಅದಕ್ಕಿಂತ ಹಳೆಯದು. ಅಲ್ಲಿ 1845ರಲ್ಲಿ ಆರಂಭವಾದ ಆಶ್ರಯಾಲಯವೇ ಹಲವು ರೂಪ ತಾಳಿ ಇಂದಿನ ಡಿಮ್ಹಾನ್ಸ್ ಆಗಿದೆ. ಇವತ್ತಿಗೂ ಈ ಭಾಗದಲ್ಲಿ ‘ಧಾರವಾಡಕ್ಕ ಕರಕೊಂಡ ಹೋಗ್ಯಾರ’ ಎಂದರೆ ಕೇಳಿದವರು ಮತ್ತೆ ವಿವರ ಕೇಳುವುದಿಲ್ಲ. ಈ ಮಾತಿನ ಹಿಂದೆ ಕಾನೂನಿನ ಚರಿತ್ರೆಯೂ ಇದೆ. 1912ರ ಭಾರತೀಯ ಹುಚ್ಚರ ಕಾಯಿದೆಯಡಿ ದಾಖಲಾತಿ ಬಹುಮಟ್ಟಿಗೆ ಮ್ಯಾಜಿಸ್ಟ್ರೇಟರ ಆದೇಶದಿಂದ ನಡೆಯುತ್ತಿತ್ತು. ರೋಗಿಯ ಪರವಾಗಿ ಮೊದಲು ಮಾತಾಡುತ್ತಿದ್ದವರು ಪೊಲೀಸರು, ಆಮೇಲೆ ಬಂಧುಗಳು, ನಂತರ ವೈದ್ಯರು. ರೋಗಿಯ ಮಾತಿಗೆ ಕಡತದಲ್ಲಿ ಜಾಗವಿರಲಿಲ್ಲ. 1987ರ ಮಾನಸಿಕ ಆರೋಗ್ಯ ಕಾಯಿದೆ ಹೆಸರನ್ನು ಬದಲಿಸಿತಾದರೂ ಅದರ ಗಮನವೆಲ್ಲ ಆಸ್ಪತ್ರೆಯ ಪರವಾನಗಿ ಮತ್ತು ದಾಖಲಾತಿಯ ವಿಧಿವಿಧಾನಗಳ ಮೇಲೆಯೇ ಇತ್ತು.

ಆಸ್ಪತ್ರೆಯನ್ನು ಜನರ ಬಳಿಗೆ ಒಯ್ಯುವ ಯತ್ನಕ್ಕೆ ದೇಶಕ್ಕೇ ಮಾದರಿಯಾದದ್ದು ಕರ್ನಾಟಕ. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತರಬೇತಿ ಕೊಟ್ಟು, ಸಾಮಾನ್ಯ ಆಸ್ಪತ್ರೆಯಲ್ಲೇ ಮನೋರೋಗಕ್ಕೆ ಔಷಧಿ ಸಿಗುವಂತೆ ಮಾಡಿತು. ಆ ಪ್ರಯೋಗವೇ 1996ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಅಚ್ಚಾಯಿತು. ರಾಜ್ಯ ಸರ್ಕಾರ 2014ರಲ್ಲಿ ಮನೋಚೈತನ್ಯ ಕಾರ್ಯಕ್ರಮ ಆರಂಭಿಸಿ, ಮಂಗಳವಾರ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೇ ಬಂದು ರೋಗಿಗಳನ್ನು ನೋಡುವ ಏರ್ಪಾಡು ಮಾಡಿತು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೂ ಮಾತಾಡಬಹುದು. ಒಟ್ಟಿನಲ್ಲಿ ಮೂರು ತಲೆಮಾರಿನ ಹಿಂದಿನವರು ಊಹಿಸಲಾಗದಷ್ಟು ಹತ್ತಿರಕ್ಕೆ ಸೇವೆ ಬಂದಿದೆ. ಹತ್ತಿರ ಬಂದ ಸೇವೆಯಲ್ಲಿ ರೋಗಿಗೆ ಆಗುವ ಅನುಭವ ಎಂಥದು ಎಂಬುದು ಮುಂದಿನ ಪ್ರಶ್ನೆ.

ಎಣಿಕೆಗೆ ಸಿಗುವುದು, ಸಿಗದಿರುವುದು

ನಿಮ್ಹಾನ್ಸ್ 2015–16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ. 10.6ರಷ್ಟು ಜನ ಆ ಹೊತ್ತಿಗೆ ಒಂದಲ್ಲ ಒಂದು ಮಾನಸಿಕ ತೊಂದರೆಯಿಂದ ಬಳಲುತ್ತಿದ್ದರು. ಸಾಮಾನ್ಯ ಮನೋರೋಗಗಳಲ್ಲಿ ಚಿಕಿತ್ಸೆ ಸಿಗದವರ ಪ್ರಮಾಣ ಶೇ. 80ನ್ನೂ ಮೀರಿತ್ತು. ದೇಶದಲ್ಲಿ ಒಂದು ಲಕ್ಷ ಜನರಿಗೆ ಸುಮಾರು 0.75 ಮನೋವೈದ್ಯರಿದ್ದಾರೆಂಬುದು ಸಾಮಾನ್ಯವಾಗಿ ಉಲ್ಲೇಖವಾಗುವ ಲೆಕ್ಕ. 2011ರ ಜನಗಣತಿಯಂತೆ ಹಾವೇರಿ ಜಿಲ್ಲೆಯ ಜನಸಂಖ್ಯೆ ಸುಮಾರು 16 ಲಕ್ಷ. ದೇಶದ ಸರಾಸರಿಯನ್ನು ಹಾಗೆಯೇ ಅನ್ವಯಿಸಿದರೂ ಇಡೀ ಜಿಲ್ಲೆಯ ಪಾಲಿಗೆ ಬರುವವರು ಹನ್ನೆರಡು ಮನೋವೈದ್ಯರು. ಆದರೆ ಮನೋವೈದ್ಯರು ನೆಲೆಸುವುದು ದೊಡ್ಡ ಊರುಗಳಲ್ಲಿ. ಜಿಲ್ಲೆಯ ಮುಕ್ಕಾಲು ಪಾಲು ಜನ ಇರುವುದು ಹಳ್ಳಿಗಳಲ್ಲಿ.

ಇವೆಲ್ಲ ಸೇವೆಯ ಅಭಾವವನ್ನು ತೋರಿಸುವ ಅಂಕಿಗಳು. ಸೇವೆಯ ಗುಣವನ್ನು ಇವು ತೋರಿಸಲಾರವು. ಕಾರ್ಯಕ್ರಮದ ಮಾಸಿಕ ವರದಿಯಲ್ಲಿ ಹೊಸ ರೋಗಿಗಳೆಷ್ಟು, ಹಳೆ ರೋಗಿಗಳೆಷ್ಟು, ಶಿಬಿರಗಳೆಷ್ಟು ಎಂಬುದು ಸಿಗುತ್ತದೆ. ಒಬ್ಬ ಹಳೆ ರೋಗಿ ನಾಲ್ಕನೇ ತಿಂಗಳು ಯಾಕೆ ಬರಲಿಲ್ಲ ಎಂಬುದು ಅಲ್ಲಿ ಸಿಗುವುದಿಲ್ಲ.

ಎರಡನೇ ಭೇಟಿ

ತಾಲ್ಲೂಕು ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಮನೋವೈದ್ಯರ ಭೇಟಿ ನಡೆಯುವ ಬಗೆಯನ್ನು ಹತ್ತಿರದಿಂದ ನೋಡಿದರೆ ಕಾರಣ ತಿಳಿಯುತ್ತದೆ. ಮೊದಲ ಭೇಟಿಯಲ್ಲಿ ವೈದ್ಯರು ಸಾಕಷ್ಟು ಕೇಳುತ್ತಾರೆ. ಯಾವಾಗಿನಿಂದ, ಹೇಗೆ ಶುರುವಾಯಿತು, ಮನೆಯಲ್ಲಿ ಬೇರೆ ಯಾರಿಗಾದರೂ ಇತ್ತೇ ಎಂದು. ಎರಡನೇ ಭೇಟಿಯ ಹೊತ್ತಿಗೆ ಪಾಳಿ ಉದ್ದವಾಗಿರುತ್ತದೆ. ತಾಯಿಯೋ ಅಣ್ಣನೋ ಚೀಟಿಗಳನ್ನು ತುಂಬಿದ ಕ್ಯಾರಿಬ್ಯಾಗ್ ಹಿಡಿದು ಒಳಗೆ ಬರುತ್ತಾರೆ. ‘ನಿದ್ದಿ ಬರ್ತೈತೇನು?’ ‘ಹೂಂರಿ.’ ‘ಊಟ?’ ‘ಮಾಡ್ತಾನ್ರಿ.’ ‘ಗಲಾಟಿ?’ ‘ಈಗ ಇಲ್ರಿ.’ ಉತ್ತರ ಕೊಡುತ್ತಿರುವವರು ತಾಯಿ. ರೋಗಿ ಪಕ್ಕದಲ್ಲಿ ಕುಳಿತಿರುತ್ತಾನೆ. ನಾಲಿಗೆ ದಪ್ಪವಾದಂತಿದೆ, ಕೈ ನಡುಗುತ್ತದೆ, ಜೊಲ್ಲು ಸುರಿಯುತ್ತದೆ, ಒಂದು ಕಡೆ ಕೂರಲಾಗದೆ ಕಾಲು ಚಡಪಡಿಸುತ್ತವೆ ಎಂಬುದು ಅವನಿಗೊಬ್ಬನಿಗೇ ಗೊತ್ತು. ಅದನ್ನು ಅವನನ್ನು ಯಾರೂ ಕೇಳಿರುವುದಿಲ್ಲ. ‘ಅದೇ ಔಷಧಿ ಮುಂದುವರಿಸಿ’ ಎಂಬ ಬರಹದೊಂದಿಗೆ ಚೀಟಿ ಹೊರಬರುತ್ತದೆ.

ಈ ತೊಂದರೆಗಳೆಲ್ಲ ಮನೋವಿಕೃತಿಗೆ ಕೊಡುವ ಔಷಧಿಗಳ ಅಡ್ಡಪರಿಣಾಮಗಳೆಂದು ವೈದ್ಯರಿಗೆ ಚೆನ್ನಾಗಿ ಗೊತ್ತು. ಪ್ರಮಾಣ ತಗ್ಗಿಸಿ, ಔಷಧಿ ಬದಲಿಸಿ ಅಥವಾ ಟ್ರೈಹೆಕ್ಸಿಫೆನಿಡಿಲ್‌ನಂಥ ಮಾತ್ರೆ ಸೇರಿಸಿ ಹಲವನ್ನು ನಿಭಾಯಿಸಬಹುದು. ತೊಡಕಿರುವುದು ಕೇಳುವ ಪುರುಸೊತ್ತಿನಲ್ಲಿ. ಮಗ ಶಾಂತನಾದನೆಂದು ಮನೆಯವರಿಗೆ ನೆಮ್ಮದಿ. ಲಕ್ಷಣ ತಗ್ಗಿತೆಂದು ವೈದ್ಯರಿಗೆ ಸಮಾಧಾನ. ಬಿತ್ತನೆಯ ದಿನಗಳಲ್ಲಿ ಬೆಳಿಗ್ಗೆ ಏಳಲಾಗದೆ, ಹಗಲೆಲ್ಲ ತೂಕಡಿಸುತ್ತ, ಕೂಲಿ ತಪ್ಪಿಸಿಕೊಂಡವನ ಲೆಕ್ಕ ಬೇರೆ. ಗೋವಿನಜೋಳ, ಹತ್ತಿ ಬೆಳೆಯುವ ಈ ಸೀಮೆಯಲ್ಲಿ ಮೈ ಬಗ್ಗದವನಿಗೆ ಮನೆಯಲ್ಲಿ ಮಾತಿಲ್ಲ. ಅವನು ಗುಳಿಗೆ ಬಿಡುವುದಕ್ಕೆ ಮೂಢನಂಬಿಕೆಯೇ ಕಾರಣವಾಗಬೇಕಿಲ್ಲ. ಬಿಟ್ಟ ಎರಡು ವಾರಕ್ಕೆ ಮೈ ಹಗುರವಾಗುತ್ತದೆ. ರೋಗ ಮರುಕಳಿಸುವುದು ತಿಂಗಳುಗಳ ನಂತರ. ಆ ನಡುವಿನ ಅವಧಿಯ ಅನುಭವ ಅವನ ನಿರ್ಧಾರವೇ ಸರಿಯೆಂದು ಹೇಳುತ್ತಿರುತ್ತದೆ.

ಇನ್ನೊಂದು ಕಾರಣ ಇನ್ನೂ ಸಣ್ಣದು. ಸರ್ಕಾರಿ ಪೂರೈಕೆಯಲ್ಲಿ ಕಂಪನಿ ಬದಲಾದರೆ ಅದೇ ರಿಸ್ಪೆರಿಡೋನ್ ಬೇರೆ ಬಣ್ಣದಲ್ಲಿ, ಬೇರೆ ಗಾತ್ರದಲ್ಲಿ ಬರಬಹುದು. ಅಕ್ಷರ ಬಾರದ ತಾಯಿ ಗುಳಿಗೆಯನ್ನು ಗುರುತಿಸುವುದು ಬಣ್ಣದಿಂದ. ಬೇರೆ ಗುಳಿಗೆ ಕೊಟ್ಟರೆಂದು ಆಕೆ ತಿಳಿದರೆ, ಉಳಿದ ಹಳೆಯದನ್ನೂ ಹೊಸದನ್ನೂ ಸೇರಿಸಿ ಕೊಡಬಹುದು ಅಥವಾ ಎರಡನ್ನೂ ನಿಲ್ಲಿಸಬಹುದು. ಔಷಧಿ ವಿತರಣೆಯ ಕಿಟಕಿಯಲ್ಲಿ ‘ಬಣ್ಣ ಬೇರೆ, ಔಷಧಿ ಅದೇ ಐತಿ’ ಎಂಬ ಐದು ಪದಗಳ ಮಾತು ಸಿಗದಿದ್ದರೆ ತಜ್ಞರ ಪರಿಣತಿಯೆಲ್ಲ ಅಲ್ಲಿಗೇ ನಿಲ್ಲುತ್ತದೆ.

ನಾಲ್ಕು ತಾಲ್ಲೂಕು, ನಾಲ್ಕು ದಿಕ್ಕು

ಈ ತಾಲ್ಲೂಕುಗಳನ್ನು ಒಟ್ಟಿಗೆ ನೋಡಲು ಇನ್ನೊಂದು ಕಾರಣವಿದೆ. ಆಡಳಿತಕ್ಕೆ ನಾಲ್ಕಕ್ಕೂ ಹಾವೇರಿಯೇ ಕೇಂದ್ರ; ಜನರ ಓಡಾಟದ ದಾರಿಗಳು ಬೇರೆ. ರಾಷ್ಟ್ರೀಯ ಹೆದ್ದಾರಿ 48ರ ಮೇಲಿರುವ ಶಿಗ್ಗಾವಿಯವರಿಗೆ ಹುಬ್ಬಳ್ಳಿ ಸಲೀಸು. ಸವಣೂರಿನವರು ಹುಬ್ಬಳ್ಳಿಗೂ ಹೋದಾರು, ಲಕ್ಷ್ಮೇಶ್ವರ–ಗದಗಿನ ಕಡೆಗೂ ಹೋದಾರು. ಮಲೆನಾಡಿನ ಅಂಚಿನ ಹಾನಗಲ್ಲಿನವರಿಗೆ ಶಿರಸಿಯ ನಂಟಿದೆ. ಹಿರೇಕೆರೂರಿನವರಿಗೆ ಶಿಕಾರಿಪುರ, ಶಿವಮೊಗ್ಗ ಪರಿಚಿತ. ಹೀಗಾಗಿ ಒಬ್ಬನೇ ರೋಗಿ ಮೊದಲು ಧಾರವಾಡ, ಆಮೇಲೆ ಶಿವಮೊಗ್ಗದ ಖಾಸಗಿ ವೈದ್ಯರು, ಕೊನೆಗೆ ತಾಲ್ಲೂಕು ಆಸ್ಪತ್ರೆ ಎಂದು ತಿರುಗಿದರೆ, ಪ್ರತಿ ಮನೋವೈದ್ಯರೂ ಮೊದಲಿನಿಂದ ಕತೆ ಕೇಳಬೇಕು. ಹಿಂದೆ ಯಾವ ಔಷಧಿ ಎಷ್ಟು ಪ್ರಮಾಣದಲ್ಲಿ ಒಗ್ಗಿತು, ಯಾವುದು ಒಗ್ಗಲಿಲ್ಲ ಎಂಬುದಕ್ಕೆ ಆ ಕ್ಯಾರಿಬ್ಯಾಗಿನ ಚೀಟಿಗಳೇ ದಾಖಲೆ. ಅದು ಕಳೆದರೆ ಚಿಕಿತ್ಸೆಯ ಚರಿತ್ರೆಯೇ ಕಳೆದಂತೆ.

ಪ್ರಯಾಣದ ಖರ್ಚೂ ಚಿಕಿತ್ಸೆಯ ಖರ್ಚೇ. 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆ ಇಲ್ಲಿ ಕುತೂಹಲಕರ ಬದಲಾವಣೆ ತಂದಿದೆ. ಸಾರಿಗೆ ಸಂಸ್ಥೆಯ ಸಾಮಾನ್ಯ ಬಸ್ಸಿನಲ್ಲಿ ಜೊತೆಗೆ ಬರುವ ತಾಯಿಗೆ ಟಿಕೆಟ್ ಖರ್ಚಿಲ್ಲ. ರೋಗಿ ಹೆಣ್ಣಾದರೆ ಅವಳಿಗೂ ಇಲ್ಲ. ಆರೋಗ್ಯ ಇಲಾಖೆಯ ಯಾವ ಯೋಜನೆಯೂ ಅಲ್ಲದ ಇದು ಮನೋವೈದ್ಯಕೀಯ ಸೇವೆಗೆ ಹೆಣ್ಣುಮಕ್ಕಳ ದಾರಿಯನ್ನು ಸುಲಭಗೊಳಿಸಿದೆ. ಆದರೆ ಅವರ ತೊಡಕು ಬಸ್ಸಿನಿಂದ ಇಳಿದ ಮೇಲೂ ಇದೆ. ಗಂಡನ ಮನೆಯಲ್ಲಿ ಚೀಟಿ ಸಿಕ್ಕರೆ ಅದು ವಿಚ್ಛೇದನದ ಕಾಗದವಾದೀತೆಂಬ ಹೆದರಿಕೆ ಅವರದು. 1955ರ ಹಿಂದೂ ವಿವಾಹ ಕಾಯಿದೆಯ 13ನೇ ಕಲಮಿನಲ್ಲಿ ಮನೋರೋಗ ವಿಚ್ಛೇದನಕ್ಕೆ ಆಧಾರವಾಗಿರುವುದು ನಿಜ. ಆದರೆ ರೋಗದ ಹೆಸರೊಂದೇ ಸಾಲದು, ಒಟ್ಟಿಗೆ ಬಾಳಲಾಗದಷ್ಟು ತೀವ್ರತೆ ಸಾಬೀತಾಗಬೇಕು ಎಂದು ಸುಪ್ರೀಂ ಕೋರ್ಟ್ 1988ರಲ್ಲೇ ರಾಮ್ ನಾರಾಯಣ್ ಗುಪ್ತ ಪ್ರಕರಣದಲ್ಲಿ ಹೇಳಿದೆ. ಈ ಮಾತನ್ನು ಚೀಟಿ ಬರೆಯುವ ಮೇಜಿನಲ್ಲೇ ಯಾರಾದರೂ ಹೇಳಿದರೆ, ತವರಿನಲ್ಲಿದ್ದಾಗ ಮಾತ್ರ ಔಷಧಿ ನುಂಗಿ ಗಂಡನ ಮನೆಯಲ್ಲಿ ಬಿಡುವ ಪಾಡು ಕೆಲವರಿಗಾದರೂ ತಪ್ಪೀತು.

ದೇವರ ಮನೆಯಲ್ಲಿ ಸಿಗುವುದು

ಔಷಧಿ ಬಿಟ್ಟವರು ಹೋಗುವ ದಾರಿ ಹೊಸದಲ್ಲ. ದೇವರು ಕೇಳಿಸುವುದು, ತಾಯತ ಕಟ್ಟಿಸುವುದು, ಗಾಳಿ ಬಿಡಿಸುವುದು, ದರ್ಗಾಕ್ಕೆ ಹರಕೆ ಹೊರುವುದು ಎಲ್ಲ ಜಾತಿಮತದವರಲ್ಲೂ ಇದೆ. ಇದರ ಅಪಾಯಕ್ಕೆ 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯ ದರ್ಗಾ ಬಳಿಯ ಆಶ್ರಯಧಾಮದಲ್ಲಿ ಬಿದ್ದ ಬೆಂಕಿಯೇ ನಿದರ್ಶನ. ಸರಪಳಿ ಬಿಗಿದಿದ್ದ ಮನೋರೋಗಿಗಳು ತಪ್ಪಿಸಿಕೊಳ್ಳಲಾಗದೆ 28 ಜನ ಸತ್ತರು. ಆದರೂ ಜನ ಇಂಥ ಕಡೆಗೆ ಹೋಗುವುದೇಕೆಂದು ಕೇಳಿಕೊಂಡ ಮನೋವೈದ್ಯರೂ ಇದ್ದಾರೆ. ನಿಮ್ಹಾನ್ಸ್‌ನ ಆರ್. ರಘುರಾಮ್ ಮತ್ತು ಸಂಗಡಿಗರು ತಮಿಳುನಾಡಿನ ಒಂದು ದೇಗುಲದಲ್ಲಿ ತಂಗಿದ್ದ 31 ಜನರನ್ನು ಅಧ್ಯಯನ ಮಾಡಿ 2002ರಲ್ಲಿ ಪ್ರಕಟಿಸಿದರು. ಯಾವ ಔಷಧಿಯೂ ಇಲ್ಲದೆ ಅವರ ರೋಗಲಕ್ಷಣದ ಅಂಕ ಸುಮಾರು ಶೇ. 20ರಷ್ಟು ತಗ್ಗಿತ್ತು. ಅಲ್ಲಿ ಸಿಕ್ಕದ್ದು ಬೆದರಿಕೆಯಿಲ್ಲದ ಆಸರೆ ಮತ್ತು ಮನೆಯವರ ಸಂಗಾತ. ಇದನ್ನು ಔಷಧಿಗೆ ಪರ್ಯಾಯವೆಂದು ಓದಬಾರದು. ಆಸ್ಪತ್ರೆಯಲ್ಲಿ ಏನು ಸಿಗುತ್ತಿಲ್ಲ ಎಂಬುದರ ಪಟ್ಟಿಯೆಂದು ಓದಬಹುದು.

ಔಷಧಿಯ ಬಲಕ್ಕೂ ಕರ್ನಾಟಕದಲ್ಲೇ ಪುರಾವೆಯಿದೆ. ಆರ್. ಶ್ರೀನಿವಾಸಮೂರ್ತಿ ಮತ್ತು ಸಹೋದ್ಯೋಗಿಗಳು ಆನೇಕಲ್ ತಾಲ್ಲೂಕಿನಲ್ಲಿ ಚಿಕಿತ್ಸೆಯಿಲ್ಲದೆ ಉಳಿದಿದ್ದ 100 ಜನ ಸ್ಕಿಜೋಫ್ರೇನಿಯಾ ರೋಗಿಗಳನ್ನು ಒಂದೂವರೆ ವರ್ಷ ಬೆನ್ನುಹತ್ತಿ ನೋಡಿ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ರೋಗಲಕ್ಷಣ, ಅಸಾಮರ್ಥ್ಯ, ಕುಟುಂಬದ ಹೊರೆ ಮೂರೂ ತಗ್ಗಿದವು. ತೀರ್ಥಹಳ್ಳಿ, ತುರುವೇಕೆರೆಗಳ ಸಮುದಾಯ ಅಧ್ಯಯನಗಳೂ ಇದೇ ದಿಕ್ಕಿನವು. ಇವೆಲ್ಲದರ ಸಾಮಾನ್ಯ ಗುಣ, ರೋಗಿ ಬರದಿದ್ದರೆ ಸೇವೆಯೇ ಅವನ ಮನೆಗೆ ಹೋಗುತ್ತಿತ್ತು ಎಂಬುದು. ಸಂಶೋಧನೆಯ ಯಶಸ್ಸನ್ನು ಔಷಧಿಯ ಯಶಸ್ಸೆಂದು ಮಾತ್ರ ಓದಿ, ಮನೆಭೇಟಿಯನ್ನು ಕೈಬಿಟ್ಟು ಔಷಧಿಯನ್ನಷ್ಟೇ ಕಾರ್ಯಕ್ರಮಕ್ಕೆ ತಂದರೆ ಅದೇ ಫಲ ಸಿಗಲಾರದು.

ವಿಷ ಕುಡಿದು ಬದುಕಿದವರು

ಹಾವೇರಿ ರೈತ ಆತ್ಮಹತ್ಯೆಗಳಿಗಾಗಿ ಮತ್ತೆ ಮತ್ತೆ ಸುದ್ದಿಯಾದ ಜಿಲ್ಲೆ. ಬೆಳೆಗೆ ಹೊಡೆಯುವ ಎಣ್ಣೆ ಕುಡಿದು ಬದುಕಿ ಉಳಿದವರು ಮನೋವೈದ್ಯಕೀಯ ಸೇವೆಯ ಕಠಿಣ ಪರೀಕ್ಷೆ. ತುರ್ತು ವಿಭಾಗದಲ್ಲಿ ಹೊಟ್ಟೆ ತೊಳೆದು ಜೀವ ಉಳಿಸುತ್ತಾರೆ, ವೈದ್ಯಕೀಯ-ಕಾನೂನು ಪ್ರಕರಣವೆಂದು (ಎಂಎಲ್‌ಸಿ) ಬರೆಯುತ್ತಾರೆ, ಪೊಲೀಸರು ಹೇಳಿಕೆ ಪಡೆಯುತ್ತಾರೆ. ‘ಹೊಟ್ಟೆನೋವು ತಾಳಲಾರದೆ’ ಎಂದು ಬರೆಸಿ ಮನೆಯವರು ಬೇಗ ಡಿಸ್ಚಾರ್ಜ್ ಬಯಸುವುದುಂಟು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯ 115ನೇ ಕಲಮು, ಇಂಥವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಆರೈಕೆ ಮತ್ತು ಪುನರ್ವಸತಿ ಸರ್ಕಾರದ ಹೊಣೆ ಎನ್ನುತ್ತದೆ. ವಾರ್ಡಿನಲ್ಲಿದ್ದಾಗಲೇ ಒಬ್ಬ ಆಪ್ತಸಮಾಲೋಚಕರು ಹಾಸಿಗೆಯ ಬಳಿ ಕುಳಿತು ಮಾತಾಡದಿದ್ದರೆ ಆ ಕಲಮಿಗೆ ಅರ್ಥವಿಲ್ಲ. ಮುಂದಿನ ಮಂಗಳವಾರ ಬನ್ನಿ ಎಂದರೆ ಅಂಥವರು ಬರುವುದು ಅಪರೂಪ.

ಕಾಯಿದೆಯೇ ಕೊಟ್ಟ ಅಳತೆಗೋಲು

ಗುಣಮಟ್ಟವನ್ನು ಅಳೆಯಲು ಹೊಸ ಮಾನದಂಡ ಹುಡುಕಬೇಕಿಲ್ಲ. 2018ರ ಮೇ 29ರಿಂದ ಜಾರಿಯಲ್ಲಿರುವ, ಆಗಲೇ ಹೇಳಿದ 2017ರ ಕಾಯಿದೆಯ 18ನೇ ಕಲಮು ರೋಗಿ ಬಹುದೂರ ಪ್ರಯಾಣ ಮಾಡಬೇಕಾಗದಂತೆ ಸೇವೆ ಇರಬೇಕೆನ್ನುತ್ತದೆ. ಜಿಲ್ಲೆಯಲ್ಲಿ ಕನಿಷ್ಠ ಸರ್ಕಾರಿ ಸೇವೆ ಇಲ್ಲದಿದ್ದರೆ ಅದೇ ಜಿಲ್ಲೆಯ ಬೇರೆ ಕಡೆ ಪಡೆದ ಚಿಕಿತ್ಸೆಯ ವೆಚ್ಚವನ್ನು ಸರ್ಕಾರ ಭರಿಸಬೇಕೆಂದೂ ಹೇಳುತ್ತದೆ. 22ನೇ ಕಲಮು ರೋಗ, ಚಿಕಿತ್ಸೆ, ಅಡ್ಡಪರಿಣಾಮ ತಿಳಿಯುವ ಹಕ್ಕನ್ನು, 25ನೇ ಕಲಮು ವೈದ್ಯಕೀಯ ದಾಖಲೆ ಪಡೆಯುವ ಹಕ್ಕನ್ನು, 28ನೇ ಕಲಮು ಸೇವೆಯ ಕೊರತೆಯ ಬಗ್ಗೆ ದೂರುವ ಹಕ್ಕನ್ನು ಕೊಡುತ್ತವೆ. ಮೇಲೆ ಹೇಳಿದ ಪ್ರತಿ ತೊಡಕಿಗೂ, ಕೇಳದ ಅಡ್ಡಪರಿಣಾಮಕ್ಕೂ, ಕಳೆದ ಚೀಟಿಗೂ ಇಲ್ಲೊಂದು ಕಲಮಿದೆ. ವಿಶ್ವ ಆರೋಗ್ಯ ಸಂಸ್ಥೆ 2012ರಲ್ಲಿ ರೂಪಿಸಿದ ಗುಣಮಟ್ಟ–ಹಕ್ಕುಗಳ ಸಾಧನವನ್ನು ಗುಜರಾತಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಬಳಸಿ ನೋಡಿದ್ದಾರೆ. ರೋಗಿಯ ಅನುಭವವನ್ನು ಅಳತೆಗೆ ಒಳಪಡಿಸಬಹುದೆಂಬುದಕ್ಕೆ ಅದು ಪುರಾವೆ.

ಉಪಸಂಹಾರ

ನಾಲ್ಕು ತಾಲ್ಲೂಕುಗಳ ಮಟ್ಟಿಗೆ ಆಗಬೇಕಾದದ್ದು ದೊಡ್ಡ ಕಟ್ಟಡವೇನಲ್ಲ. ಮಂಗಳವಾರದ ಭೇಟಿಯಲ್ಲಿ ಮನೆಯವರನ್ನು ಹೊರಗೆ ಕೂರಿಸಿ ರೋಗಿಯೊಬ್ಬನನ್ನೇ ಎರಡು ನಿಮಿಷ ಕೇಳುವುದು. ಔಷಧಿ, ಪ್ರಮಾಣ, ಅಡ್ಡಪರಿಣಾಮಗಳನ್ನು ಕನ್ನಡದಲ್ಲಿ ಬರೆದ ಪುಸ್ತಕವೊಂದನ್ನು ತಾಯಿ ಕಾರ್ಡಿನ ಮಾದರಿಯಲ್ಲಿ ರೋಗಿಯ ಕೈಗೇ ಕೊಡುವುದು. ಒಂದು ತಿಂಗಳು ಬಾರದವರ ಮನೆಗೆ ಆಶಾ ಕಾರ್ಯಕರ್ತೆ ಹೋಗಿ ‘ಯಾಕ ಬಿಟ್ರಿ?’ ಎಂದು ಕೇಳಿ ಬಂದ ಉತ್ತರವನ್ನು ಅವರ ಮಾತಿನಲ್ಲೇ ಬರೆಯುವುದು. ಮಾಸಿಕ ವರದಿಯಲ್ಲಿ ಆ ಉತ್ತರಗಳಿಗೆ ಒಂದು ಅಂಕಣವಿರಬೇಕು. ಮನೋವೈದ್ಯರ ಸಂಖ್ಯೆ ಹೆಚ್ಚಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಬಿಟ್ಟವರ ಕಾರಣ ಕೇಳದೆ ಸಂಖ್ಯೆಯನ್ನಷ್ಟೇ ಹೆಚ್ಚಿಸಿದರೆ ಹೊಸ ರೋಗಿಗಳ ಪಟ್ಟಿ ಬೆಳೆಯುತ್ತದೆ, ಹಳಬರ ಪಟ್ಟಿ ಕರಗುತ್ತಲೇ ಇರುತ್ತದೆ. ಸೇವೆ ಎಷ್ಟು ಜನರನ್ನು ಮುಟ್ಟಿತು ಎಂಬುದಕ್ಕಿಂತ, ಮುಟ್ಟಿದವರಲ್ಲಿ ಎಷ್ಟು ಜನ ಒಂದು ವರ್ಷದ ನಂತರವೂ ತಾವಾಗಿ ಬರುತ್ತಿದ್ದಾರೆ ಎಂಬುದೇ ಅದರ ಗುಣಮಟ್ಟಕ್ಕೆ ಹೆಚ್ಚು ನಂಬಬಹುದಾದ ಅಳತೆ.