ಪಿ.ಪಿ. ನಂಬರಿನಿಂದ ಎರಡನೇ ಸಿಮ್ಮಿನವರೆಗೆ

ಕಿತ್ತೂರು ಎಂದೊಡನೆ ರಾಣಿ ಚೆನ್ನಮ್ಮ ಮತ್ತು 1824 ನೆನಪಾಗುವುದು ಸಹಜ. ದೂರವಾಣಿಯ ಚರಿತ್ರೆಯನ್ನು ಓದುವವರಿಗೆ ಆ ಊರು ಇನ್ನೊಂದು ಕಾರಣಕ್ಕೂ ಮುಖ್ಯವಾಗುತ್ತದೆ. 1984ರಲ್ಲಿ ಹುಟ್ಟಿದ ಸಿ-ಡಾಟ್ ಸಂಸ್ಥೆಯು ಹಳ್ಳಿಗಳಿಗೆಂದೇ ರೂಪಿಸಿದ 128 ಪೋರ್ಟುಗಳ ಪುಟ್ಟ ಎಕ್ಸ್‌ಚೇಂಜನ್ನು ಮೊದಲು ಕೂಡಿಸಿದ್ದು 1986ರಲ್ಲಿ, ಕಿತ್ತೂರಿನಲ್ಲಿ. ಅದಕ್ಕೆ ಏರ್ ಕಂಡೀಷನ್ ಮಾಡಿದ ಕೋಣೆ ಬೇಕಿರಲಿಲ್ಲ. ಬಿಸಿಲು, ಧೂಳು ಎರಡನ್ನೂ ತಾಳಿಕೊಳ್ಳುವಂತೆ ಅದನ್ನು ಕಟ್ಟಿದ್ದರು. ಊರು ಹೇಗಿದೆಯೋ ಹಾಗೆಯೇ ಇರಲಿ, ಯಂತ್ರ ಅದಕ್ಕೆ ಹೊಂದಿಕೊಳ್ಳಲಿ ಎಂಬ ಲೆಕ್ಕ.

ಈ ಲೆಕ್ಕ ನನಗೆ ಮತ್ತೆ ಮತ್ತೆ ನೆನಪಾಗುವುದು ಅಪ್ಪ-ಅವ್ವನ ಮೊದಲ ಸ್ಮಾರ್ಟ್‌ಫೋನಿನ ಮಾತು ಬಂದಾಗ. ನಮ್ಮದು ಕಿತ್ತೂರಿಗೆ ದೂರವಲ್ಲದ ಹಳ್ಳಿ. 2017ರಲ್ಲಿ ಅವರಿಬ್ಬರಿಗೂ ಸೇರಿ ಒಂದು ಫೋನು ಬಂತು. 'ಪಾಪ, ಅವರಿಗೇನು ತಿಳೀತದ' ಎಂದು ನಕ್ಕವರು ನೆಂಟರಲ್ಲೇ ಇದ್ದರು. ಆದರೆ ಅಷ್ಟು ಹೊತ್ತಿಗೆ ಅವರು ಮೂವತ್ತು ವರ್ಷ ಫೋನಿನ ಒಡನಾಟದಲ್ಲಿ ಕಳೆದವರು. ಅವರಿಗೆ ಅಪರಿಚಿತವಾಗಿದ್ದದ್ದು ಫೋನಲ್ಲ. ಒಂದು ಫೋನಿಗೆ ಒಬ್ಬರೇ ಒಡೆಯರು ಎಂಬ ಕಲ್ಪನೆ ಮಾತ್ರ ಅವರಿಗೆ ಹೊಸದು.

ಅವರಿಗೆ ಗೊತ್ತಿದ್ದ ಫೋನು ಊರೊಟ್ಟಿನದು. ಲಗ್ನಪತ್ರಿಕೆಗಳಲ್ಲಿ, ಲೆಟರ್‌ಹೆಡ್‌ಗಳಲ್ಲಿ ನಂಬರಿನ ಮುಂದೆ 'ಪಿ.ಪಿ.' ಎಂದು ಅಚ್ಚಾಗುತ್ತಿದ್ದುದನ್ನು ಹಿರಿಯರು ಬಲ್ಲರು. ಟ್ರಂಕ್ ಕಾಲ್ ಕಾಲದ 'ಪರ್ಟಿಕ್ಯುಲರ್ ಪರ್ಸನ್' ಅದು. ಫೋನು ನಮ್ಮದಲ್ಲ, ನೆರೆಯವರದು, ಕರೆದರೆ ಬರುತ್ತೇವೆ ಎಂದು ಅದರ ಅರ್ಥ. ನಮ್ಮ ಓಣಿಯ ಪಿ.ಪಿ. ಕಿರಾಣಿ ಅಂಗಡಿಯಲ್ಲಿತ್ತು. ಕರೆ ಬಂದರೆ ಅಂಗಡಿಯ ಹುಡುಗ ಓಡಿ ಬರುತ್ತಿದ್ದ; ಅವ್ವ ಕೈಯ ಹಿಟ್ಟು ಕೊಡವಿಕೊಂಡು ಓಡುತ್ತಿದ್ದಳು. ಬೆಳಗಾವಿಗೆ ಹೋದರೆ ಹಳದಿ ಬಣ್ಣದ ಎಸ್‌ಟಿಡಿ ಬೂತು, ಕಣ್ಣೆದುರೇ ಏರುವ ಕೆಂಪು ಅಂಕಿಗಳು, ರಾತ್ರಿ ಏರಿದಂತೆ ಇಳಿಯುವ ದರ. ಯಾವ ಊರಿಗೆ ಯಾವ ವರ್ಷ ಎಕ್ಸ್‌ಚೇಂಜ್ ಬಂತೆಂದು ಇಲಾಖೆಯ ವರದಿಗಳಲ್ಲಿ ಹುಡುಕಬಹುದು. ಆ ಓಡುವ ಹುಡುಗ ಯಾವ ವರದಿಯಲ್ಲಿ ಸಿಕ್ಕಾನು?

ಮೊಬೈಲು ಬಂದಾಗಲೂ ಹಂಚಿಕೊಳ್ಳುವುದು ನಿಲ್ಲಲಿಲ್ಲ. ದೇಶದ ಮೊದಲ ಮೊಬೈಲ್ ಕರೆ 1995ರ ಜುಲೈ 31ರಂದು ಕಲ್ಕತ್ತೆಯಿಂದ ದೆಹಲಿಗೆ, ಜ್ಯೋತಿ ಬಸು ಅವರಿಂದ ಸುಖ್ ರಾಮ್ ಅವರಿಗೆ ಹೋದದ್ದು. ಆಗ ಬಂದ ಕರೆಗೂ ದುಡ್ಡು ಕೊಡಬೇಕಿತ್ತು. 2003ರಲ್ಲಿ ಅದು ಉಚಿತವಾದ ಮೇಲೆ ನಮ್ಮಂಥ ಮನೆಗಳಿಗೂ ಮೊಬೈಲು ಕಾಲಿಟ್ಟಿತು, ಜೊತೆಗೆ ಮಿಸ್ಡ್ ಕಾಲ್ ಎಂಬ ಭಾಷೆಯೂ. ಒಂದು ಮಿಸ್ಡ್ ಕಾಲ್ ಎಂದರೆ ಹೊಲಕ್ಕೆ ಕರೆಂಟು ಬಂತು, ಎರಡು ಎಂದರೆ ಬುತ್ತಿ ತಗೊಂಡು ಬಾ. ಓದು-ಬರಹ ಬೇಡದ, ಕಾಸೂ ಖರ್ಚಾಗದ ಈ ಲಿಪಿಯಲ್ಲಿ ಇಬ್ಬರೂ ಪಂಡಿತರು.

ಹಾಗೆ ನೋಡಿದರೆ ತಡವಾಗಿ ಕಲಿತದ್ದು ಯಂತ್ರವೇ. ಕನ್ನಡಕ್ಕೆ ಯೂನಿಕೋಡಿನಲ್ಲಿ ಜಾಗ ಸಿಕ್ಕಿದ್ದು 1991ರಲ್ಲಿ. ಆಂಡ್ರಾಯ್ಡ್ ಫೋನುಗಳು ಕನ್ನಡದ ಕಾಗುಣಿತ, ಒತ್ತಕ್ಷರಗಳನ್ನು ಸರಿಯಾಗಿ ಜೋಡಿಸಿ ತೋರಿಸಲು 2012 ಬರಬೇಕಾಯಿತು. ಅಲ್ಲಿಯವರೆಗೆ ಕನ್ನಡದ ಸಂದೇಶ ಎಷ್ಟೋ ಫೋನುಗಳಲ್ಲಿ ಬರೀ ಚೌಕಗಳ ಸಾಲು. ನಾಲ್ಕನೇ ಇಯತ್ತೆ ಓದಿದ ಅವ್ವನಿಗೆ ತಂತ್ರಜ್ಞಾನ ಬರುವುದಿಲ್ಲ ಎನ್ನುವವರು ಈ ಇಪ್ಪತ್ತೊಂದು ವರ್ಷಗಳನ್ನು ಯಾರ ಖಾತೆಗೆ ಬರೆಯುತ್ತಾರೋ ತಿಳಿಯದು.

2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂತು, ನವೆಂಬರಿನಲ್ಲಿ ನೋಟು ರದ್ದಾಯಿತು. ಆ ಮುಂದಿನ ವರ್ಷವೇ ನಮ್ಮ ಮನೆಗೆ ಬಂದದ್ದು ಗಾಜಿನ ಮುಖದ ಫೋನು. ಹಳೆಯದರಲ್ಲಿ ಹಸಿರು ಗುಂಡಿ, ಕೆಂಪು ಗುಂಡಿ ಬೆರಳಿಗೇ ಸಿಗುತ್ತಿದ್ದವು. ಇದರಲ್ಲಿ ಕರೆ ಬಂದರೆ ಒತ್ತುವಂತಿಲ್ಲ, ಎಳೆಯಬೇಕು. ಅಪ್ಪನ ಹೆಬ್ಬೆಟ್ಟು ಸಲಿಕೆ ಹಿಡಿದು ಜಡ್ಡುಗಟ್ಟಿದ್ದು. ಇಂಥ ಪರದೆ ಗ್ರಹಿಸುವುದು ಬೆರಳಿನ ಒತ್ತಡವನ್ನಲ್ಲ, ಚರ್ಮದ ಮೂಲಕ ಆಗುವ ಸಣ್ಣ ವಿದ್ಯುತ್ ವ್ಯತ್ಯಾಸವನ್ನು. ದಪ್ಪಗಟ್ಟಿ ಒಣಗಿದ ತೊಗಲು ಕೆಲವೊಮ್ಮೆ ಅದಕ್ಕೆ ಗೊತ್ತೇ ಆಗುವುದಿಲ್ಲ. ಕಿತ್ತೂರಿನ ಯಂತ್ರ ಧೂಳಿನ ಲೆಕ್ಕ ಇಟ್ಟಿತ್ತು. ಈ ಯಂತ್ರ ರೈತನ ಬೆರಳಿನ ಲೆಕ್ಕ ಇಟ್ಟಿರಲಿಲ್ಲ. ಅಪ್ಪ ಸಿಟ್ಟಿನಿಂದ ಇನ್ನಷ್ಟು ಒತ್ತುತ್ತಿದ್ದ. ದಾರಿ ಕಂಡುಹಿಡಿದವಳು ಅವ್ವ.

"ಒತ್ತಬ್ಯಾಡ್ರಿ, ಸವರ್ರಿ. ಕರುವಿನ ಮೈ ಸವರಿದಂಗ. ಕಿರಿಬಳ್ಳಲೆ ಸವರ್ರಿ."

ಕಿರುಬೆರಳಿನ ತುದಿ ಅಷ್ಟಾಗಿ ಜಡ್ಡುಗಟ್ಟಿರುವುದಿಲ್ಲ. ಅಪ್ಪ ಇವತ್ತಿಗೂ ಕಿರುಬೆರಳಿನಲ್ಲೇ ಫೋನೆತ್ತುವುದು. ಅಲ್ಲಿಂದ ಕೆಲಸ ತಾನಾಗಿ ಹಂಚಿಕೆಯಾಯಿತು. ಅಕ್ಷರ ಓದುವುದು ಅಪ್ಪ. ಚಿತ್ರದ ಗುರುತಿನಿಂದ ನಂಬರು ಹುಡುಕುವುದು, ಧ್ವನಿ ಸಂದೇಶ ಕಳಿಸುವುದು ಅವ್ವ. ಒಬ್ಬರಿಲ್ಲದೆ ಇನ್ನೊಬ್ಬರಿಗೆ ಅರ್ಧ ಫೋನು.

ತಕರಾರು ಎದ್ದದ್ದು 2023ರಲ್ಲಿ. ಗೃಹಲಕ್ಷ್ಮಿ ಯೋಜನೆಯಲ್ಲಿ ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ. ಖಾತೆ ಅವ್ವನದು, ಖಾತೆಗೆ ಜೋಡಿಸಿದ ನಂಬರು ಅಪ್ಪನದು. ಮೊದಲ ಸಲ ಹಣ ಜಮೆಯಾದಾಗ ಅಪ್ಪ ಸಂದೇಶ ಓದಿ, ಹೊಲದಿಂದ ಬಂದ ಅವ್ವನಿಗೆ ಸಂಜೆ ಹೇಳಿದ. ಅವ್ವ ಕೇಳಿದಳು: "ರೊಕ್ಕ ನನ್ನ ಖಾತೆಕ್ಕ ಬರತೈತಿ, ಸುದ್ದಿ ಮಾತ್ರ ನಿಮಗ ಯಾಕ ಮೊದಲ ಬರತೈತ್ರಿ?"

"ಫೋನ್ ಒಂದ ಐತೆಲ್ಲ, ಯಾರಿಗಿ ಬಂದ್ರೇನು?" ಎಂದ ಅಪ್ಪ. ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಹಂಚಿಕೊಂಡ ಫೋನಿನ ಬಗ್ಗೆ ಹಳಹಳಿಸುವ ನಾನು ಅವ್ವನ ಈ ಪ್ರಶ್ನೆಯನ್ನು ಬಿಟ್ಟು ಬರೆದರೆ ಅದು ಅಪ್ಪನ ಚರಿತ್ರೆಯಷ್ಟೇ ಆದೀತು. ಅಂಗಡಿಯ ಫೋನು ಊರೊಟ್ಟಿನದಾಗಿದ್ದಾಗಲೂ ಅವ್ವನ ಮಾತನ್ನು ಅಂಗಡಿಯೆಲ್ಲ ಕೇಳಿಸಿಕೊಳ್ಳುತ್ತಿತ್ತು.

ಅವ್ವ ಇನ್ನೊಂದು ಫೋನು ಕೇಳಲಿಲ್ಲ. ಫೋನಿನಲ್ಲಿ ಎರಡನೇ ಸಿಮ್ಮಿಗೆ ಜಾಗ ಇದೆಯೆಂದು ಅವಳಿಗೆ ಗೊತ್ತಿತ್ತು. ಆಧಾರ್ ಕಾರ್ಡ್ ಹಿಡಿದು ಹೋಗಿ ತನ್ನ ಹೆಸರಿನಲ್ಲಿ ಸಿಮ್ ತಂದಳು, ಬ್ಯಾಂಕಿನಲ್ಲಿ ಅರ್ಜಿ ಬರೆಸಿ ನಂಬರು ಬದಲಿಸಿದಳು. ಎರಡಕ್ಕೂ ಬೇರೆ ಬೇರೆ ರಿಂಗ್‌ಟೋನ್ ಹಾಕಿಸಿದ್ದಾಳೆ. ಅವಳ ನಂಬರಿಗೆ ಕರೆ ಬಂದರೆ ಅಪ್ಪ ಎತ್ತುವುದಿಲ್ಲ. ರಿಂಗಾಗುತ್ತಿರುವ ಫೋನನ್ನು ಹಿಡಿದುಕೊಂಡು ದನದ ಕೊಟ್ಟಿಗೆಯವರೆಗೆ ಓಡುತ್ತಾನೆ.